ಮಾರ್ಕ ಮಾಸ್ತರರ ಸ್ಪೀಕರ್ ಪರೀಕ್ಷೆ

“ಇಡೀ ಬೀದರದಾಗ ಕಿವಿ ಅನ್ನೋದು ಇರೋದು ಒಬ್ಬನಿಗೇ. ಅಂವ ನಾನು!”

ಹೀಗೆ ಘೋಷಿಸಿ, ನಿವೃತ್ತ ಗಣಿತ ಶಿಕ್ಷಕ ಮಾರ್ಕ ಮಾಸ್ತರರು ಡಿಸೆಂಬರಿನ ಮೊದಲ ಶುಕ್ರವಾರ ಸ್ವಂತ ಮನೆಯ ಮೇಲೇ ದಂಡೆತ್ತಿ ಹೋದರು. ಬೀಗರು ಬಂದರೆ ಮಲಗುವ ಮಂಚ ವರಾಂಡಕ್ಕೆ ಗಡೀಪಾರಾಯಿತು. ದನಿ ಗೋಡೆಗೆ ಬಡಿದು ವಾಪಸು ಪುಟಿಯಬಾರದೆಂದು ಮನೆಯ ಏಳೂ ಕೌದಿಗಳನ್ನು ಗೋಡೆಗೆ ಮೊಳೆ ಹೊಡೆದು ಬಿಗಿದರು. ಬೀದರಿನ ಚಳಿಯಲ್ಲಿ ಗೋಡೆಗಳು ಬೆಚ್ಚಗಾದವು. ಹೆಂಡತಿ ಜ್ಞಾನಮ್ಮ ಎರಡೆರಡು ಸೀರೆ ಹೊದ್ದು ನಡುಗುತ್ತ ಮಲಗಿದರು.

“ಗ್ವಾಡಿಗೇನು ನೆಗಡಿ ಬಂದದೇನ್ರಿ?”

“ಇದು ಶ್ರವಣ ಮಂದಿರ! ನಿನಗ ತಿಳಿಯಂಗಿಲ್ಲ, ಸುಮ್ಮನಿರು.”

ಮಾಸ್ತರರ ಈ ಆವೇಶಕ್ಕೆ ಕಾರಣವಿತ್ತು. ಮೂವತ್ತು ವರ್ಷಗಳಿಂದ ಅವರು ಚರ್ಚಿನ ಗಾಯನ ತಂಡದ ಮುಂದೆ ತಾಳ ತೋರಿಸುವ ಕೋಲು ಹಿಡಿದು ನಿಂತವರು. ಈ ಕ್ರಿಸ್ಮಸ್ಸಿಗೆ ಭಾಲ್ಕಿ ಮತ್ತು ಔರಾದದ ತಂಡಗಳೂ ಬೀದರಿಗೆ ಬಂದು ಅವರ ಕೋಲಿನ ಕೆಳಗೇ ಹಾಡಬೇಕೆಂದು ತೀರ್ಮಾನವಾಗಿತ್ತು. ಬಂದವರನ್ನೆಲ್ಲ ಮನೆಗೆ ಕರೆದು, ಶುದ್ಧ ದನಿ ಎಂದರೇನೆಂದು ತೋರಿಸಿಕೊಡಲು ತಕ್ಕ ಸ್ಪೀಕರು ಬೇಡವೇ? ಹೈದರಾಬಾದಿನ ಅಂಗಡಿಯವನು ಎರಡು ಜೋಡಿ ಕಳಿಸಿದ್ದ, ಒಂದು ಇಂಗ್ಲೆಂಡಿನದು, ಒಂದು ಜರ್ಮನಿಯದು. ಮೂರು ದಿನ ಕೇಳಿ ಒಂದನ್ನು ಇಟ್ಟುಕೊಳ್ಳುವುದು, ಇನ್ನೊಂದನ್ನು ವಾಪಸು ಕೊಡುವುದು.

ಹೊತ್ತು ತರಲು ಬಂದವನು ಜಾನಿ. ಬಸ್ ಡಿಪೋದಲ್ಲಿ ಹಿರಿಯ ಮೆಕ್ಯಾನಿಕ್, ತಂಡದಲ್ಲಿ ದಪ್ಪ ದನಿಯವ. ಆಳೆತ್ತರದ ಒಂದೊಂದೇ ಪೆಟ್ಟಿಗೆಯನ್ನು ಇಳಿಸುವಷ್ಟರಲ್ಲಿ ಅವನ ಸೊಂಟ ಹಿಡಿದುಕೊಂಡಿತು.

“ಮಾಸ್ತರ್, ಇದರಕಿಂತ ಬಸ್ಸಿನ ಇಂಜಿನ್ ಹಗುರ ಅದ ನೋಡ್ರಿ!”

ಪರೀಕ್ಷೆ ಬಲು ಕಟ್ಟುನಿಟ್ಟು. ಸ್ಪೀಕರುಗಳ ಮುಂದೆ ತೆಳುವಾದ ಪರದೆ. ಯಾವ ಜೋಡಿ ಹಾಡುತ್ತಿದೆ ಎಂದು ಮಾಸ್ತರರಿಗೆ ಕಾಣಬಾರದು, ಕಿವಿಯೊಂದೇ ತೀರ್ಪು ಕೊಡಬೇಕು. ಹಾಕಿದ್ದು ಅವರದೇ ತಂಡ ಕಳೆದ ಕ್ರಿಸ್ಮಸ್‌ನಲ್ಲಿ ಹಾಡಿದ ಕೀರ್ತನೆ. ಅದರ ಕೊನೆಗೆ ಹೆಂಗಸರು ಏರು ದನಿಯಲ್ಲಿ ಹಾಡುವಾಗ ಒಂದು ಪುಟ್ಟ ಗಂಟೆ ಹನ್ನೆರಡು ಸಲ ಬಾರಿಸುತ್ತದೆ.

ಮೊದಲ ಜೋಡಿಗೆ ಜಾನಿಯೇ ತಂತಿ ಕೂಡಿಸಿ, ಬಂದು ಸಾಕ್ಷಿಯಾಗಿ ಕುಳಿತ. ಹಾಡು ಮುಗಿಯಿತು. ಮಾಸ್ತರರು ಮೂಗು ಮುರಿದರು.

“ಮಬ್ಬು! ಬಿಲ್ಕುಲ್ ಮಬ್ಬು! ಬಾಯಾಗ ಬಟ್ಟಿ ಇಟ್ಟುಕೊಂಡು ಹಾಡಿದಂಗ ಅದ. ಜ್ಞಾನೂ, ಈಗ ನೀ ಎರಡನೇದಕ್ಕ ಹಚ್ಚು!”

ಜ್ಞಾನಮ್ಮ ಪರದೆಯ ಹಿಂದೆ ಹೋದರು. ಎರಡನೆಯ ಜೋಡಿಯ ಪೆಟ್ಟಿಗೆಗಳಲ್ಲೂ ಮೇಲೊಂದು ಗುಂಡಿಯಷ್ಟು ಸಣ್ಣ ಸ್ಪೀಕರು, ಕೆಳಗೊಂದು ತಾಟಿನಷ್ಟು ದೊಡ್ಡದು. ಸಣ್ಣದು ತೆಳು ದನಿಗೆ, ದೊಡ್ಡದು ದಪ್ಪ ದನಿಗೆ, ಎರಡಕ್ಕೂ ಬೇರೆ ಬೇರೆ ತಂತಿ. ಇದು ಅವರಿಗೇನು ಗೊತ್ತು? ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದವರು, ಪ್ರತಿಯೊಂದಕ್ಕೂ ಒಂದು ಹೆಚ್ಚಿನದನ್ನು ಬದಿಗಿಟ್ಟು ರೂಢಿ. ಕೆಳಗಿನ ತಂತಿ ಸಿಕ್ಕಿಸಿದರು. ಮೇಲಿನ ತಂತಿಯನ್ನು, ಕೆಳಗಿನದು ಕೆಟ್ಟರೆ ಬಳಸಲು ಕೊಟ್ಟದ್ದಿರಬೇಕೆಂದು, ಬ್ಯಾಂಡೇಜಿನಂತೆ ನೀಟಾಗಿ ಸುತ್ತಿ ಪಕ್ಕಕ್ಕಿಟ್ಟರು.

ಹಾಡು ಶುರುವಾಯಿತು. ಜಾನಿಯ ಹುಬ್ಬು ಗಂಟಿಕ್ಕಿತು. ಮಾಸ್ತರರು ಕಣ್ಣು ಮುಚ್ಚಿ ತಲೆದೂಗಿದರು, ಕೈ ಗಾಳಿಯಲ್ಲಿ ತೇಲಿತು. ಕೊನೆಗೆ ಕುರ್ಚಿಯಿಂದ ಎದ್ದೇಬಿಟ್ಟರು!

“ಇದು! ಇದಕ್ಕಂತಾರ ದನಿ! ಆಕಾಶಾನೇ ತೆರೆದಂಗಾತು! ಆ ಗಂಟಿ ಕೇಳಿದೇನು ಜಾನಿ? ಬೆಳ್ಳಿ, ಅಪ್ಪಟ ಬೆಳ್ಳಿ!”

ಜಾನಿ ನೆಲ ನೋಡಿದ.

“ಮಾಸ್ತರ್... ಗಂಟಿ ಬರಲೇ ಇಲ್ಲರಿ.”

“ಏನಂದಿ?”

“ಒಂದೂ ಬರಲಿಲ್ಲರಿ. ಹೆಂಗಸರ ದನಿನೂ ಬಾವಿಯೊಳಗಿಂದ ಬಂದಂಗಿತ್ತು.”

ಮಾಸ್ತರರು ಕೆಂಡವಾದರು. ಮೂವತ್ತು ವರ್ಷದ ಕಿವಿಗೆ ಡಿಪೋದ ಹಾರನ್ ಕೇಳಿ ಕೇಳಿ ಸವೆದ ಕಿವಿ ಪಾಠ ಹೇಳುವುದೇ? ಜಾನಿ ಎದ್ದ. ಪರದೆಯ ಹಿಂದೆ ಹೋಗಿ, ಸುತ್ತಿಟ್ಟ ತಂತಿ ಬಿಡಿಸಿ ಮೇಲೆ ಸಿಕ್ಕಿಸಿ, ಹಾಡಿನ ಕೊನೆಯನ್ನು ಮತ್ತೆ ಹಾಕಿದ.

“ಈಗ ಕೇಳ್ರಿ.”

ಗಂಟೆ ಬಾರಿಸಿರಬೇಕು. ಯಾಕೆಂದರೆ ಪರದೆ ಸರಿಸಿ ನಿಂತ ಜ್ಞಾನಮ್ಮನ ಮುಖ ಒಮ್ಮೆಲೇ ಅರಳಿತು. ಜಾನಿಯ ಬೆರಳು ತೊಡೆಯ ಮೇಲೆ ಒಂದು, ಎರಡು, ಮೂರು ಎಂದು ತಾಳ ಹಾಕಿತು, ಹನ್ನೆರಡರವರೆಗೂ. ಮಾಸ್ತರರು ಇಬ್ಬರ ಮುಖವನ್ನೂ ನೋಡಿದರು. ಅವರಿಗೆ ಕೇಳಿದ್ದು ಮೊದಲಿನದೇ. ಮೊದಲ ಜೋಡಿ, ತಂತಿ ಇಲ್ಲದ್ದು, ತಂತಿ ಇದ್ದದ್ದು, ಮೂರೂ ಒಂದೇ. ಇಷ್ಟು ಹೊತ್ತು ಅವರನ್ನು ಗೇಲಿ ಮಾಡುತ್ತ ಈ ಕಥೆ ಹೇಳಿದ ನನಗೂ ಇಲ್ಲಿ ನಗು ಬರಲಿಲ್ಲ.

ಜ್ಞಾನಮ್ಮ ಹತ್ತಿರ ಬಂದು, ಗಂಡನ ಕಿವಿಯ ಪಕ್ಕ ಹೆಬ್ಬೆರಳಿಗೆ ತೋರುಬೆರಳು ತಿಕ್ಕಿದರು.

“ಸಪ್ಪಳ ಬರ್ತದೇನ್ರಿ?”

“ಯಾವ ಸಪ್ಪಳ?”

ಇನ್ನೊಂದು ಕಿವಿಗೂ ಹಾಗೇ ಮಾಡಿದರು. ಮಾಸ್ತರರು ಅವರ ಕೈಯನ್ನೇ ನೋಡುತ್ತ ಕುಳಿತರು. ಗಣಿತದ ಮನುಷ್ಯ, ಲೆಕ್ಕ ತಪ್ಪಲಿಲ್ಲ.

“ಎಂದಿನಿಂದ ಗೊತ್ತು ನಿನಗ?”

“ಎರಡು ವರ್ಷ ಆತ್ರಿ. ಕುಕ್ಕರ್ ಸೀಟಿ ಹೊಡೆದರೂ ನೀವು ಪಕ್ಕದಾಗೇ ಪೇಪರ್ ಓದ್ತಿದ್ರಿ. ಡಾಕ್ಟರ ಹಂತೇಕ ಹೋಗೂಣು ಅಂದ್ರ ಬೈತಿದ್ರಿ.”

ಮಾಸ್ತರರು ಫೋನು ಕೈಗೆತ್ತಿಕೊಂಡರು.

“ಭಾಲ್ಕಿಯವರಿಗೂ ಔರಾದದವರಿಗೂ ಹೇಳಿಬಿಡ್ತೇನಿ. ಕೇಳದ ಮನುಷ್ಯ ಮುಂದ ನಿಂತು ಏನು ಮಾಡ್ತಾನ? ಕ್ರಿಸ್ಮಸ್ ದಿನ ಮೂರೂ ಊರ ಮುಂದ ಮಾನ ಹೋಗ್ತದ.”

“ಬ್ಯಾಡ್ರಿ ಮಾಸ್ತರ್!” ಜಾನಿ ಬಾಯಿ ತಪ್ಪಿ ಹೇಳಿಬಿಟ್ಟ. “ಎರಡು ವರ್ಷದಿಂದ ಹ್ಯಾಂಗ ನಡೀತೋ ಹಂಗೇ ನಡೀತದರಿ!”

“ಹ್ಯಾಂಗ ನಡೀತು?”

ಜಾನಿ ಜ್ಞಾನಮ್ಮನ ಕಡೆ ನೋಡಿದ. ತಂಡದ ಮೊದಲ ಸಾಲಿನ ನಡುವೆ, ಮಾಸ್ತರರ ಎದುರಿಗೇ ನಿಂತು ಹಾಡುವವರು ಅವರು. ಕೊನೆಗೆ ಜಾನಿಯೇ ಹೇಳಿದ.

“ನಾವ್ಯಾರೂ ನಿಮ್ಮ ಕೋಲು ನೋಡ್ತಿದ್ದಿಲ್ಲರಿ. ನೀವು ಕಣ್ಣು ಮುಚ್ಚಿ ಕೋಲು ಆಡಸೋವಾಗ ಅಕ್ಕ ಪುಸ್ತಕದ ಕೆಳಗ ಕೈ ಆಡಸಿ ತಾಳ ತೋರಸ್ತಾರ, ನಾವು ಅದನ್ನ ನೋಡಿ ಹಾಡ್ತೇವ್ರಿ.”

ಮಾಸ್ತರರು ಫೋನು ಕೆಳಗಿಟ್ಟರು. ಹಣೆ ಒರೆಸಿಕೊಂಡು, ಸಣ್ಣ ದನಿಯಲ್ಲಿ ಹೆಂಡತಿಯನ್ನು ಕೇಳಿದರು.

“ಹಂಗಾದ್ರ ಎರಡು ವರ್ಷ ನಾ ಅಲ್ಲಿ ಯಾತಕ್ಕ ನಿಂತಿದ್ದೆ?”

ಜ್ಞಾನಮ್ಮ ಅವರಿಗೆ ಕಾಣುವಂತೆ ಎದುರಿಗೆ ಬಂದು ಕುಳಿತರು. ಜೋರಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

“ನೀವು ದಪ್ಪ ಇದ್ದೀರಲ್ಲರಿ. ನೀವು ಅಡ್ಡ ನಿಂತ್ರ ನನ್ನ ಕೈ ನಿಮ್ಮ ಹಿಂದ ಕುಂತ ಮಂದಿಗಿ ಕಾಣ್ತಿದ್ದಿಲ್ಲ.”