ಸುದ್ದಿ ಕಳಿಸುತ್ತಿದ್ದ ಚಪ್ಪಲಿಗಳು

ಕಾಲಿನ ಗಾಯ ನೋಡುವ ಕ್ಲಿನಿಕ್ಕಿನಲ್ಲಿ ನಗು ಯಾವತ್ತೂ ತಡವಾಗಿ ಬರುತ್ತದೆ. ಮೊದಲು ಹೆದರಿಕೆ, ಓಟ, ಬ್ಯಾಂಡೇಜು ಬಿಚ್ಚಿ ನೋಡುವುದು. ಪಾದಕ್ಕೆ ಏನೂ ಆಗಿಲ್ಲ ಅಂತ ಖಾತ್ರಿಯಾದ ಮೇಲೆ ನಗು. ಯಲಹಂಕದ ಅಂಥದ್ದೊಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಹದಿನಾಲ್ಕು ವರ್ಷ ನರ್ಸ್ ಆಗಿದ್ದೆ. ಎಷ್ಟೋ ಸಲ ಹೆದರಿಕೆಯಲ್ಲೇ ಮುಗಿದುಹೋಗಿದೆ, ನಗುವ ತನಕ ಬಂದೇ ಇಲ್ಲ. ಬಂದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಸಕ್ಕರೆ ಕಾಯಿಲೆಯವರು. ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶ ಹೋಗಿಬಿಡುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿಲಿಗೆ ಕಾದ ಕಲ್ಲು ಸುಟ್ಟರೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗಾಯ ಮೂಳೆಗೆ ಇಳಿದಿರುತ್ತದೆ. ಆಮೇಲೆ ಬೆರಳು, ಆಮೇಲೆ ಪಾದ, ಆಮೇಲೆ ಕಾಲು. ನಮ್ಮ ಡಾಕ್ಟರಮ್ಮ ಹೊಸ ರೋಗಿಗಳಿಗೆ ಹೇಳುತ್ತಿದ್ದ ಮಾತು ಒಂದೇ: "ನೋವಿಲ್ಲ ಅಂತ ಖುಷಿಪಡಬೇಡಿ. ನಿಮಗೆ ನೋವಿಲ್ಲದೇ ಇರೋದೇ ಕಾಯಿಲೆ."

೨೦೧೭ರ ಸುಮಾರಿಗೆ ಹೆಬ್ಬಾಳದ ಕಡೆಯ ಒಂದು ಸಣ್ಣ ಕಂಪನಿಯವರು ಹೊಸ ಥರದ ಚಪ್ಪಲಿ ಮಾಡಿಕೊಂಡು ನಮ್ಮ ಹತ್ತಿರ ಬಂದರು. ನೋಡೋಕೆ ಸಕ್ಕರೆ ಕಾಯಿಲೆಯವರು ಹಾಕುವ ಮಾಮೂಲಿ ಮೆತ್ತನೆ ಚಪ್ಪಲಿ. ಆದರೆ ಅಟ್ಟೆಯೊಳಗೆ ಯಂತ್ರ ಇತ್ತು. ಪಾದದ ಯಾವ ಜಾಗದ ಮೇಲೆ ಎಷ್ಟು ಭಾರ ಬೀಳುತ್ತಿದೆ, ಪಾದ ಎಷ್ಟು ಬಿಸಿ ಇದೆ, ಎಷ್ಟು ಹೆಜ್ಜೆ ನಡೆದರು, ಎಲ್ಲವನ್ನೂ ಅಳೆದು ಒಂದು ಸಣ್ಣ ಸಿಮ್ಮಿನಿಂದ ನಮ್ಮ ಕಂಪ್ಯೂಟರಿಗೆ ಕಳಿಸುತ್ತಿತ್ತು. ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾದರೆ ಒಳಗೆ ಗಾಯ ಶುರುವಾಗಿದೆ ಅಂತ ಲೆಕ್ಕ. ಪರೀಕ್ಷೆಗೆ ಅಂತ ಒಂದು ವರ್ಷದ ಮಟ್ಟಿಗೆ ಕೆಲವು ಜೊತೆ ಕೊಟ್ಟರು. ಮನೆಯೊಳಗೂ ಹಾಕಿಕೊಂಡೇ ಇರಬೇಕು ಅನ್ನುವುದು ಷರತ್ತು. ಕಂಪ್ಯೂಟರಿನ ಮುಂದೆ ಕೂತು ಆ ಚಪ್ಪಲಿಗಳ ಸುದ್ದಿ ಓದುವ ಕೆಲಸ ನನ್ನ ಪಾಲಿಗೆ ಬಂತು.

ನಾಲ್ಕು ದಿನದ ಸಾವು

ಹುಣಸಮಾರನಹಳ್ಳಿಯಲ್ಲಿ ಸೇವಂತಿಗೆ ಬೆಳೆಯುತ್ತಿದ್ದ ಯಜಮಾನರೊಬ್ಬರಿಗೆ ಮೊದಲನೇ ಜೊತೆ ಕೊಟ್ಟೆವು. ಎಪ್ಪತ್ತು ದಾಟಿದ ವಯಸ್ಸು. ಕಾಲಿನ ಒಂದು ಬೆರಳು ಆಗಲೇ ತೆಗೆದಾಗಿತ್ತು. ಅವರ ಬಗ್ಗೆ ನನಗೆ ಉಳಿದವರಿಗಿಂತ ಭಯ ಜಾಸ್ತಿ.

ಮೊದಲ ದಿನ ಕಂಪ್ಯೂಟರಿನಲ್ಲಿ ಒಂದು ಹೆಜ್ಜೆಯೂ ಕಾಣಲಿಲ್ಲ. ಸುಸ್ತಾಗಿ ಮಲಗಿರಬೇಕು ಅಂದುಕೊಂಡೆ. ಎರಡನೇ ದಿನವೂ ಇಲ್ಲ. ಪಾದದ ಬಿಸಿ ನೋಡಿದರೆ ಗೋಡೆಯಷ್ಟು ತಣ್ಣಗೆ. ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ನಾಲ್ಕನೇ ದಿನ ಡಾಕ್ಟರಮ್ಮನಿಗೆ ಹೇಳಿ, ಡ್ರೆಸ್ಸಿಂಗ್ ಡಬ್ಬ ಹಿಡಿದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರ ಮನೆಯ ಮುಂದೆ ಜನ ಸೇರಿರುವುದೇ ಕಣ್ಣ ಮುಂದೆ ಬರುತ್ತಿತ್ತು.

ಹೋಗಿ ನೋಡಿದರೆ ಯಜಮಾನರು ಬರಿಗಾಲಲ್ಲಿ ತೋಟದ ಕೆಸರಿನಲ್ಲಿ ನಿಂತು ನೀರು ಕಟ್ಟುತ್ತಿದ್ದಾರೆ.

"ಚಪ್ಪಲಿ ಎಲ್ಲಿ ಯಜಮಾನ್ರೇ?"

"ಬದ್ರವಾಗೈತೆ ಕಣವ್ವ, ಬಾ." ಮನೆಯೊಳಗೆ ಕರೆದುಕೊಂಡು ಹೋಗಿ ಬೀರು ತೆಗೆದರು. ಒಗೆದ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಹೆಂಡತಿಯ ರೇಷ್ಮೆ ಸೀರೆಯ ಪಕ್ಕ ಇಟ್ಟಿದ್ದರು. "ಒಳ್ಳೆ ಸಾಮಾನು. ಕೆಸರಲ್ಲಿ ಆಕ್ಕೊಂಡು ಆಳ್ಮಾಡ್ಕೊಳ್ಳೋದ್ಯಾಕೆ? ಮಗಳ ಮನೆಗೆ ಓಗೋವಾಗ ಆಕ್ಕೊಳ್ಳಾನ ಅಂತ ಮಡಗಿವ್ನಿ."

ಜಗಲಿಯ ಮೇಲೆ ಕೂರಿಸಿ, ಕಾಲು ತೊಳೆದು, ಬೆರಳಿನ ಸಂದಿಯನ್ನೂ ಬಿಡದೆ ನೋಡಿದೆ. ದೇವರು ದೊಡ್ಡವನು, ಒಂದು ಗೀರೂ ಇರಲಿಲ್ಲ. ಆಮೇಲೆ ಬೈದೆ. ಕಂಪ್ಯೂಟರಿಗೆ ಏನು ಕಂಡಿತು, ನಾನು ಏನಂದುಕೊಂಡು ಬಂದೆ ಎಲ್ಲ ಹೇಳಿದೆ. ತಲೆ ತಗ್ಗಿಸಿಕೊಂಡು ಕೇಳಿದರು.

"ಅಂಗಾರೆ ನಾನು ನಾಕು ದಿನದಿಂದ ಸತ್ತೋಗಿವ್ನಿ ಅನ್ನು."

"ಕಂಪ್ಯೂಟರಿನ ಪ್ರಕಾರ ಹೌದು."

ಅವರು ಅಡುಗೆಮನೆಯ ಕಡೆ ತಿರುಗಿದರು. "ಕೇಳಿಸ್ಕಂಡೇನೇ? ನಾಕು ದಿನದಿಂದ ಸತ್ತೋನಿಗೆ ಮುದ್ದೆ ಇಕ್ತಾ ಇದೀಯ. ನಿಂಗೆ ಒಂದು ದಿನಾನೂ ಗೊತ್ತಾಗ್ನಿಲ್ವಾ?"

ಒಳಗಿನಿಂದ ಆಯಮ್ಮ ಅಂದರು: "ದಿನಾ ಎರಡ್ನೇ ಮುದ್ದೆ ಕೇಳಿ ಇಕ್ಕಿಸ್ಕಂತಿದ್ರಲ್ಲ, ಎಂಗೆ ಗೊತ್ತಾಗ್ಬೇಕು?"

ಬಿದ್ದವರು ಯಾರು

ಬಾಗಲಕೋಟೆ ಕಡೆಯ ಒಬ್ಬಾಕೆ ಯಲಹಂಕ ನ್ಯೂ ಟೌನಿನಲ್ಲಿ ಮನೆಯಲ್ಲೇ ಜೋಳದ ರೊಟ್ಟಿ, ಹಪ್ಪಳ ಮಾಡಿ ಮಾರುತ್ತಿದ್ದರು. ದಿನವಿಡೀ ಒಲೆಯ ಮುಂದೆ ನಿಂತ ಕಾಲು. ಹಿಮ್ಮಡಿಯ ಗಾಯ ಮಾಯಲು ಎಂಟು ತಿಂಗಳು ಹಿಡಿದಿತ್ತು. ಅದಕ್ಕೂ ಹಿಂದೆ ಒಂದು ಸಲ ಕಾಲು ಜೋಮು ಹಿಡಿದು ಬಚ್ಚಲಲ್ಲಿ ಬಿದ್ದು, ಕೈ ಮುರಿದುಕೊಂಡು, ಯಾರಿಗೂ ತಿಳಿಯದೆ ಒಂದು ಗಂಟೆ ಹಾಗೇ ಬಿದ್ದಿದ್ದರಂತೆ. ಹಾಗಾಗಿ ಅವರು ಬಿದ್ದರೆ ತಿಳಿಸುವ ವ್ಯವಸ್ಥೆಯನ್ನೂ ಚಪ್ಪಲಿಯಲ್ಲಿ ಹಾಕಿಸಿದ್ದೆವು. ಬಿದ್ದ ತಕ್ಷಣ ಮೂರು ಕಡೆಗೆ ಮೆಸೇಜು: ನಮಗೆ, ಯಶವಂತಪುರದ ಫ್ಯಾಕ್ಟರಿಯಲ್ಲಿದ್ದ ಗಂಡನಿಗೆ, ಇಲ್ಲೇ ಯಲಹಂಕದ ಹತ್ತಿರ ಸಿಂಗಾಪುರ ಅನ್ನುವ ಬಡಾವಣೆಯಲ್ಲಿದ್ದ ತಮ್ಮನಿಗೆ.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೆಸೇಜು ಬಂತು. ಫೋನ್ ಮಾಡಿದೆ, ಎತ್ತಲಿಲ್ಲ. ಡಾಕ್ಟರಮ್ಮ ನೋಡುತ್ತಿದ್ದ ರೋಗಿಯ ಕ್ಷಮೆ ಕೇಳಿ ಕಾರು ತೆಗೆದರು. ನಾವು ಅವರ ಮನೆ ಮುಟ್ಟಿದಾಗ ತಮ್ಮ ಬೈಕು ನಿಲ್ಲಿಸುತ್ತಿದ್ದ. ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇಲ್ಲ. ಬಚ್ಚಲು ನೋಡಿದೆವು, ಅಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಆಟೋದಿಂದ ಇಳಿದ ಗಂಡ ಮೆಟ್ಟಿಲಿನ ಕಡೆ ಕೈ ತೋರಿಸಿದರು. ನಾಲ್ಕೂ ಜನ ತಾರಸಿಗೆ ಓಡಿದೆವು.

ಆಕೆ ಹಪ್ಪಳ ಒಣಗಿಸಿದ ಸೀರೆಯ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಒಂದು ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಪಕ್ಕದ ಮನೆಯ ಸಜ್ಜದ ಮೇಲೆ ಬಿದ್ದಿತ್ತು.

"ಅಕ್ಕಾ, ಎಲ್ಲಿ ಬಿದ್ದಿ?" ಅಂದ ತಮ್ಮ.

ಆಕೆ ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದರು. "ನಾ ಯಾಕ ಬೀಳ್ಲಿ? ಹಪ್ಪಳ ತಿನ್ನಾಕ ಬಂದಿತ್ತು. ಚಪ್ಪಲಿ ತಗೊಂಡು ಒಗದೆ. ಬಿದ್ದದ್ದು ಮಂಗ್ಯಾ."

ಗಂಡ ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟರು. ಮುಖ ಒರೆಸಿಕೊಳ್ಳುತ್ತಿದ್ದರು. ಅದು ಬೆವರೋ ಕಣ್ಣೀರೋ ನಾನು ನೋಡಲು ಹೋಗಲಿಲ್ಲ. ಹೆಂಡತಿ ಅವರ ಪಕ್ಕ ಹೋಗಿ ಕೂತು ಸೆರಗಿನಿಂದ ಗಾಳಿ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರಮ್ಮ, ವಾತಾವರಣ ತಿಳಿಯಾಗಲಿ ಅಂತ ಇರಬೇಕು, "ಮಂಗಕ್ಕೆ ಪೆಟ್ಟಾಯ್ತಾ?" ಅಂತ ಕೇಳಿದರು.

"ಏನೂ ಆಗಿಲ್ರಿ ಡಾಕ್ಟರ," ಅಂದರು ಆಕೆ ಬೇಜಾರಿನಿಂದ. "ನಿಮ್ಮ ಚಪ್ಪಲಿ ಭಾಳ ಮೆತ್ತಗ ಅದಾವ."

ಆದರ್ಶ ರೋಗಿ

ಆರ್.ಟಿ. ನಗರದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನಮ್ಮ ಕ್ಲಿನಿಕ್ಕಿಗೆ ಹೆಮ್ಮೆಯಾಗಿದ್ದರು. ಬೆಳಿಗ್ಗೆ ಐದೂವರೆಗೆ ಅವರ ಚಪ್ಪಲಿ ನಡೆಯಲು ಶುರುಮಾಡಿದರೆ ಮಧ್ಯಾಹ್ನ ಒಂದು ತಾಸು ಬಿಟ್ಟು ರಾತ್ರಿ ಊಟದ ತನಕ ಮನೆಯೊಳಗೇ ನಡೆಯುತ್ತಿತ್ತು. ತಿಂಗಳ ತಪಾಸಣೆಗೆ ಬಂದಾಗಲೆಲ್ಲ ಡಾಕ್ಟರಮ್ಮ ಬೇರೆ ರೋಗಿಗಳ ಮುಂದೆ, "ಇವರನ್ನ ನೋಡಿ ಕಲೀರಿ," ಅನ್ನುತ್ತಿದ್ದರು. ಅವರು ಮೀಸೆ ಸವರಿಕೊಂಡು ಸುಮ್ಮನೆ ಕೂತಿರುತ್ತಿದ್ದರು.

ಒಂದು ಸೋಮವಾರ ಅವರ ಎಡಪಾದ ಬಿಸಿ ತೋರಿಸಿತು. ತಕ್ಷಣ ಕರೆಸಿದೆವು. ಚಪ್ಪಲಿ ಹಾಕಿಕೊಂಡೇ ಬಂದರು. ಪಾದ ನೋಡಿದರೆ ಎರಡೂ ಚೆನ್ನಾಗಿವೆ. ಕಂಪ್ಯೂಟರ್ ನೋಡಿದರೆ ಈಗ ಅದೂ ಚೆನ್ನಾಗಿದೆ ಅನ್ನುತ್ತಿದೆ. ಯಂತ್ರದ ತಪ್ಪಿರಬೇಕು ಅಂತ ಕಳಿಸಿಕೊಟ್ಟೆವು. ಮನೆಗೆ ಹೋದ ಅರ್ಧ ಗಂಟೆಗೆ ಮತ್ತೆ ಬಿಸಿ. ಮಾರನೇ ದಿನ ಇನ್ನೂ ಜಾಸ್ತಿ. ಬುಧವಾರ ಮಧ್ಯಾಹ್ನ ಡಾಕ್ಟರಮ್ಮ, "ಹೇಳದೆ ಹೋಗಿ ನೋಡೋಣ ಬಾ," ಅಂದರು.

ಬೆಲ್ ಮಾಡಿದಾಗ ಅವರೇ ಬಾಗಿಲು ತೆಗೆದರು. ಬರಿಗಾಲು. ಕೈಯಲ್ಲಿ ಪೇಪರು. ಚಪ್ಪಲಿ ಎಲ್ಲಿ ಅಂತ ಕೇಳಬೇಕಾಗಲಿಲ್ಲ. ಅಡುಗೆಮನೆಯಿಂದ ಟಪಟಪ ಸದ್ದು ಮಾಡುತ್ತಾ ಅವೇ ಬಂದವು, ಅವರ ಹೆಂಡತಿಯ ಕಾಲಲ್ಲಿ. ದೊಡ್ಡದಾಗುತ್ತದೆ ಅಂತ ಮುಂದೆ ಬಟ್ಟೆ ತುರುಕಿದ್ದರು.

"ಇವರಿಗೆ ಮನೆಯೊಳಗೆ ಚಪ್ಪಲಿ ಹಾಕೋದು ಆಗ್ಬರಲ್ಲ," ಅಂದರು ಆ ತಾಯಿ, ಕಳ್ಳತನ ಸಿಕ್ಕಿಬಿದ್ದ ಹಾಗೆ. "ಸುಮ್ನೆ ಬಿದ್ದಿತ್ತು. ನಿಂತು ಅಡುಗೆ ಮಾಡೋಕೆ ಹಾಯಾಗಿರುತ್ತೆ ಅಂತ..."

ಡಾಕ್ಟರಮ್ಮ ಅವರ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಕುರ್ಚಿ ಎಳೆದು ಕೂರಿಸಿ ಎಡಪಾದ ಎತ್ತಿ ನೋಡಿದರು. ಬೆರಳುಗಳ ಬುಡದಲ್ಲಿ, ಮಾಂಸದೊಳಗೆ, ಗೋಡೆಗೆ ಕ್ಯಾಲೆಂಡರ್ ಹಾಕುವ ಸಣ್ಣ ಮೊಳೆ. ಸುತ್ತ ಕೀವು ತುಂಬಿತ್ತು. ಎಷ್ಟು ದಿನದಿಂದ ಅದರ ಮೇಲೆ ನಡೆಯುತ್ತಿದ್ದರೋ, ಅವರಿಗೆ ಏನೂ ಗೊತ್ತಿರಲಿಲ್ಲ. ಅಲ್ಲೇ ಸಕ್ಕರೆ ನೋಡಿದರೆ ಗಂಡನದಕ್ಕಿಂತ ಜಾಸ್ತಿ. ಇಪ್ಪತ್ತು ವರ್ಷ ಗಂಡನಿಗೆ ಸಪ್ಪೆ ಕಾಫಿ, ಬೇರೆ ಅಡುಗೆ, ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟ ಹೆಂಗಸು ತನ್ನ ರಕ್ತ ಒಂದು ಸಲವೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಯಾರೂ ಮಾಡಿಸು ಅಂತಲೂ ಹೇಳಿರಲಿಲ್ಲ.

ಮೂರು ವಾರ ಡ್ರೆಸ್ಸಿಂಗ್ ನಡೆಯಿತು. ದಿನಾ ಗಂಡನೇ ಕೈಹಿಡಿದು ಕರೆದುಕೊಂಡು ಬರುತ್ತಿದ್ದರು. ನಾನು ಗಾಯ ತೊಳೆಯುವಾಗ ಅವರು ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಕಾಲು ಉಳಿಯಿತು. ಕೊನೆಯ ದಿನ ಗಂಡ, "ಡಾಕ್ಟ್ರೇ, ಆ ಚಪ್ಪಲಿ ಲೆಕ್ಕದಲ್ಲಿ ನನ್ನ ಹೆಸರು ತೆಗೆದು ಇವಳ ಹೆಸರು ಬರ್ಕೊಳ್ಳಿ," ಅಂದರು.

"ಬರ್ಕೋತೀನಿ," ಅಂದರು ಡಾಕ್ಟರಮ್ಮ. "ಇಷ್ಟು ತಿಂಗಳು ಎಲ್ಲರ ಮುಂದೆ ನಿಮ್ಮನ್ನ ಹೊಗಳಿದ್ದೀನಲ್ಲ, ಅದನ್ನೇನು ಮಾಡೋಣ?"

ಹೆಂಡತಿ ಮೆಲ್ಲಗೆ ಹೇಳಿದರು: "ಅದು ಅವರಿಗೇ ಇರ್ಲಿ ಬಿಡಿ. ಮನೇಲಿ ಯಾರೂ ಹೊಗಳಲ್ಲ."

ಎಡಗಾಲು

ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರೊಬ್ಬರು ಯಲಹಂಕ ಸ್ಟೇಷನ್ನಿನ ಹಿಂದೆ ಇದ್ದರು. ನಮ್ಮಲ್ಲಿಗೆ ಬರುವ ಮೊದಲೇ ಅವರ ಎಡಗಾಲು ಮಂಡಿಯ ಕೆಳಗೆ ಹೋಗಿತ್ತು. ರಬ್ಬರ್ ಪಾದದ ಕೃತಕ ಕಾಲು ಹಾಕಿಕೊಂಡು ನಡೆಯುತ್ತಿದ್ದರು. ಬಲಗಾಲನ್ನು ಉಳಿಸಿಕೊಡಬೇಕು ಅನ್ನುವುದು ಡಾಕ್ಟರಮ್ಮನ ಹಟ. ಕಂಪನಿಯವರು ಒಂಟಿ ಚಪ್ಪಲಿ ಮಾಡುತ್ತಿರಲಿಲ್ಲ. ಹಾಗಾಗಿ ಜೊತೆಯನ್ನೇ ಕೊಟ್ಟೆವು. ಎರಡೂ ಒಂದೇ ಎತ್ತರ ಇದ್ದರೆ ನಡಿಗೆಗೂ ಅನುಕೂಲ ಅಂತ ಅವರು ಎರಡನ್ನೂ ಹಾಕಿಕೊಂಡರು.

ಈ ಚಪ್ಪಲಿ ದಿನಾ ಬೆಳಿಗ್ಗೆ ಎಂಟಕ್ಕೆ ರೋಗಿಯ ಫೋನಿಗೂ ಕನ್ನಡದಲ್ಲಿ ಒಂದು ಮೆಸೇಜು ಕಳಿಸುತ್ತಿತ್ತು. ಮೂರನೇ ದಿನ ಅವರು ಕ್ಲಿನಿಕ್ಕಿಗೆ ಬಂದು ಫೋನನ್ನು ನನ್ನ ಕೈಗೆ ಕೊಟ್ಟರು. "ಕನ್ನಡಕ ತಂದಿಲ್ಲ. ಜೋರಾಗಿ ಓದಿ ಸಿಸ್ಟರ್."

ನಾನು ಓದಿದೆ. "ನಿಮ್ಮ ಎಡಗಾಲು ಸಂಪೂರ್ಣ ಆರೋಗ್ಯವಾಗಿದೆ. ಹೀಗೆಯೇ ಕಾಳಜಿ ವಹಿಸಿ."

ನನ್ನ ಕಿವಿ ಬಿಸಿಯಾಯಿತು. ಹೇಗೆ ಕ್ಷಮೆ ಕೇಳುವುದು ಅಂತ ಯೋಚಿಸುತ್ತಿದ್ದೆ. ಅವರು ಮುಖ ತಗ್ಗಿಸಿದ್ದರು, ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾರೆ ಅಂತ ನೀರು ತರಲು ಎದ್ದೆ. ಅವರು ತಲೆಯೆತ್ತಿದರು. ನಗುತ್ತಿದ್ದರು.

"ಇದ್ದಾಗ ಅದನ್ನ ಒಬ್ರೂ ಹೊಗಳಿರಲಿಲ್ಲ ಸಿಸ್ಟರ್."

ಮೆಸೇಜಿನಲ್ಲಿ ಎರಡನೇ ಸಾಲೂ ಇತ್ತು. ರಬ್ಬರ್ ಪಾದ ಯಾವಾಗಲೂ ತಣ್ಣಗಿರುವುದರಿಂದ, ಅದರ ಪಕ್ಕದಲ್ಲಿ ಬಲಗಾಲು ಯಂತ್ರಕ್ಕೆ ಯಾವಾಗಲೂ ಬಿಸಿಯಾಗಿಯೇ ಕಾಣುತ್ತಿತ್ತು. "ಬಲಗಾಲಿನಲ್ಲಿ ಅಪಾಯದ ಸೂಚನೆ ಇದೆ, ಕೂಡಲೇ ಪಾದ ಪರೀಕ್ಷಿಸಿ" ಅಂತ ದಿನಾ ಬರುತ್ತಿತ್ತು. ಕಂಪನಿಯ ಇಂಜಿನಿಯರ್, ಒಬ್ಬ ಹೆಣ್ಣುಮಗಳು, ಬಂದು ತುಂಬ ನೊಂದುಕೊಂಡಳು. ನಿಮಗೆ ಮಾತ್ರ ಈ ಮೆಸೇಜು ನಿಲ್ಲಿಸಿಬಿಡುತ್ತೇನೆ ಅಂದಳು.

"ಬೇಡಮ್ಮ, ಇರ್ಲಿ," ಅಂದರು ಅವರು.

"ಅದು ಸುಳ್ಳು ಸರ್. ನಿಮ್ಮ ಬಲಗಾಲಿಗೆ ಏನೂ ಆಗಿಲ್ಲ."

"ನಾನು ಮೂವತ್ತು ವರ್ಷ ಹಳಿ ಮೇಲೆ ನಡೆದೋನು. ದಿನಾ ಬೆಳಿಗ್ಗೆ ಹಳಿ ನೋಡ್ಕೊಂಡು ಹೋಗ್ತಿದ್ವಿ. ಬಿರುಕು ಸಿಗುತ್ತೆ ಅಂತಲ್ಲ. ಇಲ್ಲ ಅಂತ ಗೊತ್ತಾದ ಮೇಲೆ ರೈಲು ಬಿಡ್ಬೇಕಲ್ಲ, ಅದಕ್ಕೆ. ಕಾಲನ್ನ ಹಾಗೆ ನೋಡ್ಲಿಲ್ಲ ನಾನು. ಒಂದು ಹೋಯ್ತು."

ಹಾಗಾಗಿ ಮೆಸೇಜು ಉಳಿಯಿತು. ದಿನಾ ಎಂಟಕ್ಕೆ ಫೋನು ಸದ್ದು ಮಾಡಿದರೆ ಅವರು ನೆಲದ ಮೇಲೆ ಕನ್ನಡಿ ಇಟ್ಟು ಬಲಪಾದದ ಅಡಿಯನ್ನು ನೋಡಿಕೊಳ್ಳುತ್ತಿದ್ದರು. ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಕಾಫಿ ಕುಡಿಯುತ್ತಿದ್ದರು. ಏಳನೇ ತಿಂಗಳಲ್ಲಿ ಒಂದು ದಿನ ಕಾಫಿ ಕುಡಿಯದೆ ನೇರ ಕ್ಲಿನಿಕ್ಕಿಗೆ ಬಂದರು. ಕಿರುಬೆರಳಿನ ಪಕ್ಕ ಕಡಲೆಕಾಳಿನಷ್ಟು ಒಂದು ಗುಳ್ಳೆ. ಕಂಪ್ಯೂಟರಿನಲ್ಲಿ ಎಂದಿನ ಸಾಲೇ ಇತ್ತು, ಅದರಿಂದ ನಮಗೆ ಏನೂ ತಿಳಿಯುತ್ತಿರಲಿಲ್ಲ. ಅದೇ ಗುಳ್ಳೆಯನ್ನು ಒಂದು ವಾರ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡು ವಾರದಲ್ಲಿ ಮಾಯಿತು.

ವರ್ಷ ಮುಗಿದಾಗ ಆ ಇಂಜಿನಿಯರ್ ಫಾರಂ ಹಿಡಿದುಕೊಂಡು ಬಂದು ಒಬ್ಬೊಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳಿದಳು. ಇವರ ಸರದಿ ಬಂತು. "ಈ ಚಪ್ಪಲಿಯಿಂದ ನಿಮ್ಮ ಯಾವ ಕಾಲಿಗೆ ಹೆಚ್ಚು ಉಪಯೋಗ ಆಯ್ತು ಸರ್?"

ಅವರು ಸ್ವಲ್ಪ ಯೋಚಿಸಿದರು. "ಎಡಗಾಲಿಗೆ ಅಂತ ಬರ್ಕೋ. ವರ್ಷಪೂರ್ತಿ ಒಂದು ಸಣ್ಣ ತೊಂದ್ರೇನೂ ಕೊಡ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. ನಾನು ಹತ್ತಿಯ ಡಬ್ಬದೊಳಗೆ ಏನೋ ಹುಡುಕಿದೆ. ಅವಳು ಹಾಗೇ ಬರೆದುಕೊಂಡಳು. "ಮತ್ತೆ ಬಲಗಾಲಿನ ಬಗ್ಗೆ ಏನು ಬರೀಲಿ?"

ಅವರು ಬಗ್ಗಿ, ದನಿ ತಗ್ಗಿಸಿ ಹೇಳಿದರು: "ಅದರ ವಿಷ್ಯ ಏನೂ ಬರೀಬೇಡಮ್ಮ. ಇರೋದು ಅದೊಂದೇ. ದೃಷ್ಟಿ ಆಗುತ್ತೆ."