ಸನದು ಮೌಲ್ವಿಗಳ ವೈವಾ

ಎಲ್ಲ ರಗಳೆಗೂ ಕಾರಣ ಸ್ನಾನದ ಮನೆಯ ಗಾಳಿಕಿಂಡಿ. ಅಂಗೈ ಅಗಲದ ಕಿಂಡಿ, ಅದಕ್ಕೊಂದು ತುಕ್ಕು ಹಿಡಿದ ಬಾಗಿಲು. ಆ ಬಾಗಿಲು ಮುಚ್ಚಿಕೊಳ್ಳುವುದನ್ನು ಮರೆತು ಎಷ್ಟೋ ವರ್ಷಗಳಾಗಿದ್ದವು. ಅದರ ಕೆಳಗೆ ನಿಂತು ಮೌಲ್ವಿಗಳು ಅವತ್ತು ಬೆಳಿಗ್ಗೆ ಮೈಗೆ ಸೋಪು ಹಚ್ಚಿಕೊಳ್ಳುತ್ತಾ ಭಾಷಣ ಅಭ್ಯಾಸ ಮಾಡುತ್ತಿದ್ದರು. ಮಧ್ಯಾಹ್ನ ಅವರ ಪಿಎಚ್.ಡಿ. ವೈವಾ. ಪ್ರಬಂಧದಲ್ಲಿದ್ದ ಹಳೆಯ ಉದಾಹರಣೆ ತೀರಾ ಸಪ್ಪೆ ಅನ್ನಿಸಿ, ತಲೆಗೆ ನೀರು ಬಿದ್ದ ಕೂಡಲೇ ಹೊಳೆದ ಹೊಸದೊಂದನ್ನು ಒಮ್ಮೆ ಜೋರಾಗಿ, ಒಮ್ಮೆ ಗಂಭೀರವಾಗಿ, ಒಮ್ಮೆ ಗಂಟಲು ಕಟ್ಟಿದವರ ಹಾಗೆ ಹೇಳಿ ನೋಡಿದರು. ಮೂರನೆಯದು ಅವರಿಗೇ ಬಹಳ ಹಿಡಿಸಿತು.

"ಬೇಗ ಬನ್ರೀ, ಟ್ಯಾಂಕಿನಲ್ಲಿ ನೀರು ಮುಗೀತಾ ಇದೆ!" ಎಂದು ಹೆಂಡತಿ ಹೊರಗಿನಿಂದ ಕೂಗಿದಳು.

"ಯಾರು ಹೇಳಿದ್ದು?"

"ಟ್ಯಾಂಕೇ ಬಂದು ಹೇಳ್ತು!"

ಈ "ಯಾರು ಹೇಳಿದ್ದು" ಇದೆಯಲ್ಲ, ಅದು ಓದಿನಿಂದ ಅಂಟಿಕೊಂಡ ರೋಗ. ಮೌಲ್ವಿಗಳು ಮದರಸದಲ್ಲಿ ಹದೀಸ್, ಅಂದರೆ ಪ್ರವಾದಿಗಳ ನುಡಿಗಳನ್ನು ಕಲಿಸುವವರು. ಅಲ್ಲಿ ಯಾವ ಮಾತನ್ನೂ ಬರಿದೇ ಹೇಳುವ ಹಾಗಿಲ್ಲ. ಇವರು ಅವರಿಂದ ಕೇಳಿದರು, ಅವರು ಇನ್ನೊಬ್ಬರಿಂದ ಕೇಳಿದರು ಎಂದು ಮೂಲದ ತನಕ ಸರಪಳಿ ಹೇಳಬೇಕು. ಆ ಸರಪಳಿಗೆ ಸನದು ಎನ್ನುತ್ತಾರೆ. ನಡುವಿನ ಒಂದು ಕೊಂಡಿ ಸಡಿಲವಾದರೂ ಇಡೀ ಮಾತಿಗೆ ಬೆಲೆ ಇಲ್ಲ. ಈ ಪಾಠವನ್ನು ಮೌಲ್ವಿಗಳು ಮದರಸದಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವರೋ ಅದನ್ನು ತರಕಾರಿ ಅಂಗಡಿಗೂ ಹೊತ್ತುಕೊಂಡು ಹೋಗುತ್ತಿದ್ದರು. "ಟೊಮೆಟೊ ತಾಜಾ" ಎಂದರೆ "ಯಾರು ಹೇಳಿದ್ದು?" ಅಂಗಡಿಯವನು ಲಾರಿಯವನ ಹೆಸರು ಹೇಳುವ ತನಕ ಚೀಲ ಬಿಚ್ಚುತ್ತಿರಲಿಲ್ಲ. ಬೀದಿಯವರೆಲ್ಲ ಸೇರಿ ಅವರಿಗೆ ಸನದು ಮೌಲ್ವಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅವರ ಪ್ರಬಂಧದ ವಿಷಯವೂ ಅದೇ: 'ಸನದು ಮತ್ತು ಅಡಿಟಿಪ್ಪಣಿ'. ಮದರಸದ ಹಿರಿಯರು "ಯೂನಿವರ್ಸಿಟಿಯವರಿಗೆ ಅಡಿಟಿಪ್ಪಣಿ ಬಿಟ್ಟರೆ ಏನು ಗೊತ್ತು" ಎಂದು ನಗುತ್ತಿದ್ದರು. ಯೂನಿವರ್ಸಿಟಿಯವರು "ಮದರಸದವರದ್ದು ಬರೀ ಬಾಯಿಪಾಠ" ಎಂದು ಮೂಗು ಮುರಿಯುತ್ತಿದ್ದರು. ಎರಡೂ ಒಂದೇ ತಾಯಿಯ ಮಕ್ಕಳು ಎಂದು ತೋರಿಸಲು ಹೋಗಿ ಮೌಲ್ವಿಗಳು ಎರಡೂ ಕಡೆಯಿಂದ ಬೈಸಿಕೊಂಡು ಪ್ರಬಂಧ ಮುಗಿಸಿದ್ದರು. ಇಡೀ ಪ್ರಬಂಧವನ್ನು ಟೈಪ್ ಮಾಡಿದವಳು ಹೆಂಡತಿ, ಅದೂ ಎರಡು ಸಲ. "ಮೂರನೇ ಸಲ ಅಂತ ಬಾಯಿ ಬಿಟ್ರೆ ಕಂಪ್ಯೂಟರ್ ಸಮೇತ ತವರಿಗೆ ಹೋಗ್ತೀನಿ" ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಇವತ್ತು ವೈವಾ ಆದರೆ ತಿಂಗಳ ಕೊನೆಗೆ ಯೂನಿವರ್ಸಿಟಿಯಲ್ಲೇ ಉಪನ್ಯಾಸಕರ ಕೆಲಸ. ಆಗದಿದ್ದರೆ ದೂರದಿಂದ ಬರುವ ಪರೀಕ್ಷಕರು ಮತ್ತೆ ಸಿಗುವುದು ಆರು ತಿಂಗಳಾದ ಮೇಲೆ, ಅಷ್ಟರಲ್ಲಿ ಕೆಲಸ ಇನ್ನೊಬ್ಬರ ಪಾಲು.

ಗಡ್ಡ ಸ್ವಲ್ಪ ಸರಿಮಾಡಿಸಿಕೊಂಡು ಹೋಗೋಣ ಎಂದು ಮೌಲ್ವಿಗಳು ಕ್ಷೌರಿಕನ ಅಂಗಡಿಗೆ ಹೋಗಿ ಕೂತರು. ಬಲಗಡೆ ಮುಗಿಸಿ ಎಡಗಡೆಗೆ ಕತ್ತರಿ ಎತ್ತಿದ ಕ್ಷೌರಿಕ ನಿಟ್ಟುಸಿರು ಬಿಟ್ಟ.

"ಪಾಪ, ಒಳ್ಳೆ ಮನುಷ್ಯರಂತೆ. ಏನ್ಮಾಡೋದು ಹೇಳಿ."

"ಯಾರು?"

"ನಿಮ್ಮ ಪರೀಕ್ಷಕರು. ಐಸಿಯುನಲ್ಲಿ ಇದ್ದಾರಂತಲ್ಲ. ವೈವಾ ಮುಂದಕ್ಕೆ ಹೋಯ್ತಂತೆ. ನಿಮಗೇ ಗೊತ್ತಿಲ್ವಾ?"

ಮೌಲ್ವಿಗಳು ಕತ್ತರಿಯನ್ನೂ ಲೆಕ್ಕಿಸದೆ ತಟ್ಟನೆ ತಿರುಗಿದರು. ಆದರೂ ಓದಿದ ಓದು ಬಿಡಲಿಲ್ಲ. "ಯಾರು ಹೇಳಿದ್ದು?"

"ಔಷಧಿ ಅಂಗಡಿಯವರು."

ಮೌಲ್ವಿಗಳು ತಕ್ಷಣ ತಮ್ಮ ಪಿಎಚ್.ಡಿ. ಗೈಡ್‌ಗೆ ಫೋನ್ ಮಾಡಿದರು. ಎಂಗೇಜ್. ಮತ್ತೆ ಮಾಡಿದರು. ಮತ್ತೆ ಎಂಗೇಜ್. ಬೇರೆ ಯಾರಾದರೂ ಆಗಿದ್ದರೆ ನೆಟ್ಟಗೆ ಬಸ್ ಹತ್ತಿ ಯೂನಿವರ್ಸಿಟಿಗೆ ಹೋಗಿ ನೋಡುತ್ತಿದ್ದರು. ಆದರೆ ಹಿಂದಿನ ವಿದ್ವಾಂಸರು ಒಂದೇ ಒಂದು ಮಾತಿನ ಮೂಲ ಹುಡುಕಿಕೊಂಡು ಒಂಟೆಯ ಮೇಲೆ ಮರಳುಗಾಡು ದಾಟಿದವರು. ಅವರ ಶಿಷ್ಯಪರಂಪರೆಯ ನಾನು ಎರಡು ಬೀದಿ ದಾಟಲಾರೆನೇ ಎಂದು ಮೌಲ್ವಿಗಳು ಕುರ್ಚಿಯಿಂದ ಎದ್ದೇಬಿಟ್ಟರು.

"ಎಡಗಡೆ ಬಾಕಿ ಇದೆ! ಬಟ್ಟೆನಾದ್ರೂ ಕೊಟ್ಟು ಹೋಗಿ!" ಎಂದು ಕ್ಷೌರಿಕ ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ. ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆ ಬೆನ್ನ ಹಿಂದೆ ಹಾರಾಡುತ್ತಿತ್ತು. ಹಾದಿಯಲ್ಲಿ ಹೋಗುವವರು ಯಾರೋ ಹೊಸ ಪದವಿ ಪಡೆದವರಿರಬೇಕು ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಔಷಧಿ ಅಂಗಡಿಯವರು ಚೀಟಿ ನೋಡಿ ಮಾತ್ರೆ ಎಣಿಸುತ್ತಿದ್ದರು. "ಐಸಿಯುನಾ? ಛೆ ಛೆ, ನಾನು ಹಾಗೆ ಹೇಳೇ ಇಲ್ಲ. ಆಸ್ಪತ್ರೆಗೆ ಸೇರಿಸಿದ್ದಾರೆ ಅಂದೆ, ಅಷ್ಟೆ. ಕ್ಷೌರದವನು ಸ್ವಲ್ಪ ಸೇರಿಸ್ತಾನೆ ನೋಡಿ."

"ನಿಮಗೆ ಯಾರು ಹೇಳಿದ್ದು?"

"ನಿಮ್ಮ ಮೇಲಿನ ಮನೆ ರೇಡಿಯೋ ಚಿಕ್ಕಮ್ಮ. ಮಂಡಿನೋವಿನ ಮಾತ್ರೆಗೆ ಬಂದಿದ್ರಲ್ಲ. ನನಗೂ ಬೇಜಾರಾಯ್ತು. ಕೂಡಲೇ ನನ್ನ ಹೆಂಡತಿಗೂ ಫೋನ್ ಮಾಡಿ ಹೇಳಿದೆ."

"ನಿಮ್ಮ ಹೆಂಡತಿಗೆ ಯಾಕ್ರೀ?"

"ಅವಳು ನಿಮ್ಮ ವಿಭಾಗದಲ್ಲೇ ಅಲ್ವಾ ಕ್ಲರ್ಕ್ ಆಗಿರೋದು? ಅಲ್ಲಿ ಸುಮ್ನೆ ಕುರ್ಚಿ ಹಾಕಿ, ಚಹಾ ಮಾಡಿ ಕಾಯೋದು ಬೇಡ ಅಂತ."

ಮೌಲ್ವಿಗಳಿಗೆ ಕೋಪ ನೆತ್ತಿಗೇರಿತು. "ನೋಡ್ತಾ ಇರಿ. ಇದಕ್ಕೆ ಮೂಲ ಯಾರು ಅಂತ ಹಿಡಿದೇ ಹಿಡೀತೀನಿ. ಅವನು ಸಿಗಲಿ, ಅವನ ಮಾತನ್ನ ಜನ್ಮದಲ್ಲಿ ಯಾರೂ ನಂಬದ ಹಾಗೆ ಮಾಡ್ತೀನಿ! ನನ್ನ ನಾಲ್ಕನೇ ಅಧ್ಯಾಯದಲ್ಲಿ ಬರೆದಿದ್ದೇನೆ, ಗೆರೆ ಎಳೆದು ಬರೆದಿದ್ದೇನೆ!"

"ಆಗಲಿ, ಬಿಪಿ ನೋಡಿಸಿಕೊಳ್ತೀರಾ?" ಎಂದರು ಅಂಗಡಿಯವರು.

ರೇಡಿಯೋ ಚಿಕ್ಕಮ್ಮ ಯಾರಿಗೂ ನಿಜವಾದ ಚಿಕ್ಕಮ್ಮ ಅಲ್ಲ, ಇಡೀ ಬೀದಿಗೇ ಚಿಕ್ಕಮ್ಮ. ಅವರ ಮನೆಯ ಮೆಟ್ಟಿಲು ಹತ್ತುವಾಗ ಮೌಲ್ವಿಗಳಿಗೆ ಮತ್ತೆ ಸ್ವಲ್ಪ ಉಸಿರು ಬಂದಿತ್ತು. ಯಾಕೆಂದರೆ ಸರಪಳಿಯಲ್ಲಿ ಹಿಂದಕ್ಕೆ ಹೋದಷ್ಟೂ ಪರೀಕ್ಷಕರ ಆರೋಗ್ಯ ಸುಧಾರಿಸುತ್ತಿತ್ತು.

"ಆಸ್ಪತ್ರೆಯಂತೆ ಆಸ್ಪತ್ರೆ! ಅಯ್ಯೋ ನನ್ನ ಕರ್ಮವೇ, ನಾನು ಯಾವಾಗ ಹಾಗಂದೆ?" ಎಂದು ಚಿಕ್ಕಮ್ಮ ಕೈ ತಿರುವಿದರು. "ಪರೀಕ್ಷಕರಿಗೆ ಹುಷಾರಿಲ್ಲ, ಆದ್ದರಿಂದ ಇವತ್ತಿನ ವೈವಾ ಮುಂದಕ್ಕೆ ಹೋಗಿದೆ. ಇಷ್ಟೇ ನಾನು ಹೇಳಿದ್ದು. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ."

ಈ ವಾಕ್ಯವನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಮೌಲ್ವಿಗಳಿಗೆ ಅನ್ನಿಸಿತು. "ನಿಮಗೆ ಯಾರು ಹೇಳಿದ್ದು ಚಿಕ್ಕಮ್ಮ? ಅವನ ಹೆಸರು ಹೇಳಿ. ಬಿಡೋದಿಲ್ಲ ನಾನು."

ಚಿಕ್ಕಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. ಅರ್ಧ ಗಡ್ಡ, ಕುತ್ತಿಗೆಗೆ ಬಟ್ಟೆ. "ನೀವೇ ಅಲ್ವೇನಪ್ಪಾ! ಬೆಳಿಗ್ಗೆ ಸ್ನಾನದ ಮನೆಯಲ್ಲಿ ಮೂರು ಸಲ ಹೇಳಿದ್ರಿ. ಮೂರನೇ ಸಲವಂತೂ ಅಳ್ತಾ ಹೇಳಿದ್ರಿ. ಕೇಳಿ ನನ್ನ ಕರುಳೇ ಕಿತ್ತು ಬಂತು."

ಮೌಲ್ವಿಗಳು ಮೆಟ್ಟಿಲ ಮೇಲೆಯೇ ಕೂತರು. "ಚಿಕ್ಕಮ್ಮಾ, ಅದು ಉದಾಹರಣೆ! ಹೀಗೆ ಒಬ್ಬ ಬಂದು ಹೇಳಿದರೆ ವಿಚಾರಿಸದೆ ನಂಬಬೇಕೇ, ಕೂಡದು, ಅಂತ ಮುಂದೆ ಹೇಳಿದ್ನಲ್ಲ! ಅದು ಕೇಳಿಸಲಿಲ್ವಾ?"

"ಅಷ್ಟು ಹೊತ್ತಿಗೆ ನನ್ನ ಕುಕ್ಕರ್ ಕೂಗ್ತಪ್ಪ" ಎಂದರು ಚಿಕ್ಕಮ್ಮ.

ಮೌಲ್ವಿಗಳು ಅಲ್ಲಿಂದ ಬಿದ್ದಂಬೀಳ ಓಡಿದರು. ಮನೆಬಾಗಿಲಲ್ಲಿ ಹೆಂಡತಿ ಏನೋ ಕೇಳಿದಳು, ಉತ್ತರಿಸಲಿಲ್ಲ. ಹೊರಟಿದ್ದ ಬಸ್ಸಿಗೆ ಜೋತುಬಿದ್ದು, ಗೈಡ್‌ಗೆ ಮತ್ತೆ ಫೋನ್ ಹಚ್ಚಿದರು. ಈ ಸಲವೂ ಎಂಗೇಜ್. ಪರೀಕ್ಷಕರ ಆರೋಗ್ಯ ವಿಚಾರಿಸಲು ಬೆಳಗಿನಿಂದ ಅರ್ಧ ಊರೇ ಆ ಗೈಡ್‌ಗೆ ಫೋನ್ ಮಾಡುತ್ತಿದೆ ಎಂದು ಅವರಿಗೇನು ಗೊತ್ತು, ಪಾಪ.

ಯೂನಿವರ್ಸಿಟಿಯ ಗೇಟಿನಲ್ಲಿ ಕಾವಲುಗಾರ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. "ಒಳಗೆ ಹೋಗಿ ಸಾರ್, ಈಗಷ್ಟೇ ಶುರುವಾಗಿದೆ. ಎಷ್ಟು ಗಂಟೆಗೆ ಹೋದ್ರಂತೆ?"

"ಯಾರು ಎಲ್ಲಿಗೆ ಹೋದ್ರು?"

"ನಿಮ್ಮ ಪರೀಕ್ಷಕರು ಸಾರ್. ಮೇಲಕ್ಕೆ."

ಮೌಲ್ವಿಗಳು ಒಳಗೆ ನುಗ್ಗಿ ನೋಡುತ್ತಾರೆ, ವಿಭಾಗದ ಹಾಲಿನಲ್ಲಿ ಎಲ್ಲರೂ ತಲೆತಗ್ಗಿಸಿ ನಿಂತಿದ್ದಾರೆ. ಮೇಜಿನ ಹಿಂದೆ ವಿಭಾಗದ ಮುಖ್ಯಸ್ಥರು ಮಾತಾಡುತ್ತಿದ್ದಾರೆ. "ಅವರ ದೊಡ್ಡ ಗ್ರಂಥ ನಮ್ಮ ಲೈಬ್ರರಿಯಲ್ಲಿದೆ. ನಾನು ಓದಿಲ್ಲ. ಓದಿ ಮುಗಿಸಿದವರು ನನಗೆ ಸಿಕ್ಕಿಲ್ಲ. ಪಾಂಡಿತ್ಯ ಬಹಳ ಇತ್ತು. ವಿನಯ ಸ್ವಲ್ಪ ಕಡಿಮೆ ಅಂತ ಹೇಳ್ತಾರೆ, ಆದರೆ ಹೋದವರ ಬಗ್ಗೆ ಹಾಗೆಲ್ಲ ಮಾತಾಡಬಾರದು. ಕಂಜೂಸ್ ಅನ್ನೋದೂ ಬೇಡ. ಈಗ ಒಂದು ನಿಮಿಷ ಮೌನ."

ಮೌನ ಶುರುವಾಯಿತು. ಮೌಲ್ವಿಗಳು ಬಾಗಿಲ ಬಳಿ ಏದುಸಿರು ಬಿಡುತ್ತಾ ಸುತ್ತ ಕಣ್ಣು ಹಾಯಿಸಿದರು. ಕೊನೆಯ ಸಾಲಿನಲ್ಲಿ, ಕಾಲಬಳಿ ಸೂಟ್‌ಕೇಸ್ ಇಟ್ಟುಕೊಂಡು, ಕಿವಿಯವರೆಗೆ ಕೆಂಪಾದ ಹಿರಿಯರೊಬ್ಬರು ಎಲ್ಲರ ಜೊತೆ ತಲೆಬಾಗಿ ನಿಂತಿದ್ದರು. ಆ ಮುಖವನ್ನು ಮೌಲ್ವಿಗಳು ದೊಡ್ಡ ಗ್ರಂಥದ ಹಿಂಬದಿಯಲ್ಲಿ ಎಷ್ಟು ಸಲ ನೋಡಿರಲಿಲ್ಲ! ಉಳಿದವರು ಗ್ರಂಥ ತೆರೆದವರೇ ಅಲ್ಲವಲ್ಲ, ಹಿಂಬದಿ ನೋಡುವುದೆಲ್ಲಿ ಬಂತು. ಗುರುತು ಹಿಡಿಯಬೇಕಾಗಿದ್ದ ಗೈಡ್, ಪರೀಕ್ಷಕರನ್ನು ಕರೆತರಲು ಹೋಗಿ ಇನ್ನೂ ರೈಲ್ವೆ ಸ್ಟೇಷನ್ನಿನಲ್ಲೇ ಫೋನ್ ಹಿಡಿದು ನಿಂತಿದ್ದರು.

ಹಿರಿಯರು ಮೌಲ್ವಿಗಳ ಕಡೆ ಬಾಗಿ ಪಿಸುಗುಟ್ಟಿದರು. "ಬಂದ ತಕ್ಷಣ ನಿಲ್ಲಿ ಅಂದ್ರು, ನಿಂತೆ. ಇವರು ಹೇಳ್ತಿರೋದು ನನ್ನ ಪುಸ್ತಕದ ಬಗ್ಗೆ ಅನ್ಸುತ್ತೆ. ಸತ್ತಿರೋದು ಯಾರು?"

"ನೀವೇ, ಗುರುಗಳೇ" ಎಂದರು ಮೌಲ್ವಿಗಳು. ಅವರಿಗೆ ಅಳು ಬಂದುಬಿಟ್ಟಿತು.

ಮುಂದಿನದನ್ನು ವಿವರವಾಗಿ ಹೇಳುವುದು ಬೇಡ. ಮುಖ್ಯಸ್ಥರು ಗ್ರಂಥವನ್ನು ಇವತ್ತೇ ಓದುತ್ತೇನೆ ಎಂದು ಮತ್ತೆ ಮತ್ತೆ ಹೇಳಿದರು. ಕ್ಲರ್ಕ್ ತಾವಾಗಿಯೇ ಹೋಗಿ ಚಹಾ ತಂದರು. ಪರೀಕ್ಷಕರು ಚಹಾ ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಸಂಜೆ ನನಗೆ ರೈಲಿದೆ. ವೈವಾ ಈಗಲೇ ಆಗಲಿ. ನನ್ನದು ಒಂದೇ ಪ್ರಶ್ನೆ" ಎಂದರು.

ಮೌಲ್ವಿಗಳಿಗೆ ಹೋದ ಜೀವ ಬಂತು. ಕುತ್ತಿಗೆಯ ಬಟ್ಟೆ ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ನನ್ನ ಸಾವಿನ ಸುದ್ದಿಗೆ ಸನದು ಹೇಳಿ."

ಇದಕ್ಕಿಂತ ಸುಲಭದ ಪ್ರಶ್ನೆ ಭೂಮಿಯ ಮೇಲಿದೆಯೇ! ಮೌಲ್ವಿಗಳು ಕಣ್ಣು ಮುಚ್ಚಿ, ಮದರಸದಲ್ಲಿ ಹೇಳಿಕೊಟ್ಟ ಹಾಗೆಯೇ ಸರಾಗವಾಗಿ ಹೇಳಿದರು. ಮುಖ್ಯಸ್ಥರು ಕೇಳಿದ್ದು ಕ್ಲರ್ಕ್‌ನಿಂದ, ಕ್ಲರ್ಕ್ ತಮ್ಮ ಗಂಡನಾದ ಔಷಧಿ ಅಂಗಡಿಯವರಿಂದ, ಅವರು ರೇಡಿಯೋ ಚಿಕ್ಕಮ್ಮನಿಂದ. ಯಾವ ಕೊಂಡಿಯಲ್ಲಿ ಆಸ್ಪತ್ರೆ ಸೇರಿಕೊಂಡಿತು, ಯಾವ ಕೊಂಡಿಯಲ್ಲಿ ಪ್ರಾಣ ಹೋಯಿತು ಎಂದೂ ಬಿಡಿಸಿ ಹೇಳಿದರು. ಪ್ರಾಣದ ಮಾತು ಬಂದಾಗ ಮುಖ್ಯಸ್ಥರು ಕಿಟಕಿಯ ಹೊರಗೆ ನೋಡಿದರು.

"ಭೇಷ್!" ಪರೀಕ್ಷಕರ ಮುಖ ಅರಳಿತು. "ಇಷ್ಟು ಅಚ್ಚುಕಟ್ಟಾದ ಸನದನ್ನ ಈಚೆಗೆ ಕೇಳೇ ಇರಲಿಲ್ಲ. ಈಗ ಕೊನೆಯ ಕೊಂಡಿ. ಆ ಚಿಕ್ಕಮ್ಮನಿಗೆ ಹೇಳಿದವರು ಯಾರು?"

ಮೌಲ್ವಿಗಳು ಬೆವರು ಒರೆಸಿಕೊಂಡರು. ಸುಳ್ಳು ಹೇಳಿ ಅಭ್ಯಾಸವಿಲ್ಲ. "ನಾನು."

"ಓಹೋ. ಆ ವ್ಯಕ್ತಿ ನಂಬಿಕಸ್ಥನೋ, ಅಲ್ಲವೋ?"

ಹಾಲಿನಲ್ಲಿ ಮತ್ತೆ ಮೌನ. ಈ ಸಲ ಯಾರೂ ಕೇಳದೆ ತಾನಾಗಿಯೇ ಬಂದದ್ದು.

"ನಿಧಾನವಾಗಿ ಯೋಚಿಸಿ" ಎಂದರು ಪರೀಕ್ಷಕರು. "ನಂಬಿಕಸ್ಥ ಅಂದ್ರೆ ಸುದ್ದಿ ನಿಜ. ಸುದ್ದಿ ನಿಜ ಆದ್ರೆ ನನಗೆ ಹುಷಾರಿಲ್ಲ, ಇವತ್ತಿನ ವೈವಾ ಮುಂದಕ್ಕೆ ಹೋಗಿದೆ. ನಡೆಯದ ವೈವಾಕ್ಕೆ ನಾನು ಸಹಿ ಹಾಕೋಕಾಗಲ್ಲ. ನಂಬಿಕಸ್ಥ ಅಲ್ಲ ಅಂತೀರೋ, ನಿಮ್ಮ ನಾಲ್ಕನೇ ಅಧ್ಯಾಯ ಇದೆಯಲ್ಲ, ಗೆರೆ ಎಳೆದದ್ದು. ಓದಿ."

ಓದುವ ಅಗತ್ಯವಿರಲಿಲ್ಲ. ಮೌಲ್ವಿಗಳಿಗೆ ಅದು ಬಾಯಿಪಾಠ. 'ಸುಳ್ಳು ಸುದ್ದಿಗೆ ಒಮ್ಮೆ ಮೂಲವಾದವನ ಯಾವ ಮಾತನ್ನೂ, ಯಾವ ಬರಹವನ್ನೂ, ಮೊದಲಿನಿಂದ ಮರುಪರಿಶೀಲಿಸದೆ ಒಪ್ಪತಕ್ಕದ್ದಲ್ಲ.' ಬರೆದ ದಿನ ಆ ವಾಕ್ಯವನ್ನು ಹೆಂಡತಿಗೂ ಓದಿ ಹೇಳಿ ಹಿಗ್ಗಿದ್ದರು.

ಕುತ್ತಿಗೆ ಬಗ್ಗಿಸಿ, "ನಂಬಿಕಸ್ಥ ಅಲ್ಲ" ಎಂದರು.

"ಅತ್ಯುತ್ತಮ ಉತ್ತರ" ಎಂದು ಪರೀಕ್ಷಕರು ಎದ್ದು ಬಂದು ಬೆನ್ನು ತಟ್ಟಿದರು. "ನೀವು ನಿಜವಾದ ವಿದ್ವಾಂಸರು. ಪ್ರಬಂಧವನ್ನ ಮೊದಲಿಂದ ಕೊನೆವರೆಗೆ ಮೂಲಗಳ ಜೊತೆ ಹೋಲಿಸಿ, ಹೊಸದಾಗಿ ಟೈಪ್ ಮಾಡಿಸಿ ಕೊಡಿ. ಆರು ತಿಂಗಳಾದ ಮೇಲೆ ಬರ್ತೀನಿ, ಬದುಕಿದ್ರೆ."

ಮುಸ್ಸಂಜೆ ಮೌಲ್ವಿಗಳು ಕಾಲೆಳೆದುಕೊಂಡು ಬೀದಿಗೆ ಬಂದರು. ಕ್ಷೌರಿಕ ಬಟ್ಟೆ ಇಸಿದುಕೊಂಡ, ಮುಖ ನೋಡಲಿಲ್ಲ. ಔಷಧಿ ಅಂಗಡಿಯವರು ಮಾತ್ರೆ ಎಣಿಸುವುದರಲ್ಲೇ ಮುಳುಗಿದ್ದರು. ಮೆಟ್ಟಿಲ ಬಳಿ ಚಿಕ್ಕಮ್ಮ ಲೊಚಗುಟ್ಟಿ ಒಳಗೆ ಹೋದರು. ಹೆಂಡತಿಗೆ ಹೇಗೆ ಹೇಳುವುದು ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದ ಮೌಲ್ವಿಗಳು ಚಪ್ಪಲಿ ಬಿಡುವಷ್ಟರಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ನೋಡೇ, ಪ್ರಬಂಧ ಚೆನ್ನಾಗಿದೆ ಅಂದ್ರು. ಸಣ್ಣದೊಂದು ತಿದ್ದುಪಡಿ. ನೀನು ಇನ್ನೊಂದೇ ಒಂದು ಸಲ ಟೈಪ್ ಮಾಡಬೇಕಂತೆ."

ಹೆಂಡತಿ ಕಂಪ್ಯೂಟರಿನ ವೈರು ಸುತ್ತುತ್ತಾ ಕೂತಿದ್ದಳು. ಪಕ್ಕದಲ್ಲಿ ತವರಿಗೆ ಹೋಗುವ ಬ್ಯಾಗು. ತಲೆ ಎತ್ತದೆ ಕೇಳಿದಳು, "ಯಾರು ಹೇಳಿದ್ದು?"

"ನಾನೇ ಹೇಳ್ತಾ ಇದ್ದೀನಲ್ಲ!"

"ನಿಮ್ಮ ಯಾವ ಮಾತನ್ನೂ ನಂಬೋ ಹಾಗಿಲ್ಲ ಅಂತ ಯೂನಿವರ್ಸಿಟಿಯವರೇ ತೀರ್ಮಾನ ಮಾಡಿದ್ದಾರಂತಲ್ಲ. ನೀವೇ ಒಪ್ಪಿಕೊಂಡ್ರಂತೆ. ಕ್ಲರ್ಕ್ ಗಂಡನಿಗೆ ಹೇಳಿದ್ರು, ಗಂಡ ಚಿಕ್ಕಮ್ಮನಿಗೆ ಹೇಳಿದ್ರು, ಚಿಕ್ಕಮ್ಮ ನನಗೆ ಹೇಳಿದ್ರು" ಎಂದಳು ಅವಳು.

ಮೌಲ್ವಿಗಳು ಬಾಯಿ ತೆರೆದರು. ಸರಪಳಿಯಲ್ಲಿ ಒಂದು ಕೊಂಡಿಯಾದರೂ ಸಡಿಲ ಇದೆಯೇ ಎಂದು ಮನಸ್ಸಿನಲ್ಲೇ ಹುಡುಕಿದರು. ಒಂದೂ ಸಿಗಲಿಲ್ಲ. ಬಾಯಿ ಮುಚ್ಚಿಕೊಂಡು ಹೋಗಿ, ಮೊದಲು ಸ್ನಾನದ ಮನೆಯ ಕಿಂಡಿಗೆ ಹಳೆಯ ಟವೆಲು ತುರುಕಿದರು.