ರುಖವತದಾಗ ಅಲಿ–ಟೈಸನ್

"ಮಗಳ ಮ್ಯಾಲ ಅಕ್ಷತಾ ಬೀಳೂಕಿಂತ ಮೊದಲ ಇದರದ್ದೊಂದು ಫೈಸಲಾ ಮಾಡೇ ಬಿಡ್ತೇನಿ! ಇಲ್ಲಾಂದ್ರ ನಾ ಮಾಧವರಾವ್ ಅಲ್ಲ!"

ಭಾಲ್ಕಿಯ ಬಟ್ಟೆ ವ್ಯಾಪಾರಿ ಮಾಧವರಾಯರು ಗಜಕೋಲನ್ನು ಭೀಮನ ಗದೆಯಂತೆ ಎತ್ತಿ ಹೀಗೆ ಪ್ರತಿಜ್ಞೆ ಮಾಡಿದಾಗ, ಅಂಗಡಿಯಲ್ಲಿದ್ದ ಗಿರಾಕಿಗಳು ಇದು ಯಾವುದೋ ಹೊಲದ ತಂಟೆ ಇರಬೇಕು ಅಂದುಕೊಂಡರು. ಹೊಲವೂ ಅಲ್ಲ, ಹಾದಿಯೂ ಅಲ್ಲ. ಮೊಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ಇಬ್ಬರೂ ತುಂಬು ಹರೆಯದಾಗ ಒಂದೇ ಕಣದಾಗ ಎದುರಾಬದುರಾ ನಿಂತಿದ್ದರೆ ಯಾರು ಗೆಲ್ಲುತ್ತಿದ್ದರು? ಇಡೀ ಜಗತ್ತಿಗೆ ಬಗೆಹರಿಯದ ಈ ಪ್ರಶ್ನೆಯನ್ನು ಬಗೆಹರಿಸುವ ಭಾರ ಭಾಲ್ಕಿಯ ಬಜಾರಿನ ಮೇಲೆ ಬಿದ್ದಿತ್ತು!

ಮಾಧವರಾಯರು ಅಲಿಯ ಪಾರ್ಟಿ. ಪಕ್ಕದಾಗ ಅರಳೆ ತುಂಬಿ ಗಾದಿ ಹೊಲಿಯುವ ಅಂಗಡಿಯ ಖಾಸಿಂ ಅಲಿ ಟೈಸನ್ ಪಾರ್ಟಿ.

"ಅಲ್ಲೋ ಖಾಸಿಂ ಭಾಯ್, ಹೆಸರಿನಾಗ ಅಲಿನ್ನ ಇಟಗೊಂಡು ಟೈಸನ್ನಗ ಓಟು ಹಾಕ್ತಿ. ಜರಾ ನಾಚಿಕಿ ಬರಂಗಿಲ್ಲೇನು?"

"ನಿಮ್ಮ ಹೆಸರು ಮಾಧವ ಅದರಿ ಸೇಠ್. ಹಂಗಂತ ಕೊಳಲು ಊದ್ತೀರೇನು?"

"ಅಲಿ ಕಣದಾಗ ಕುಣೀತಿದ್ದ ನೋಡು, ಟೈಸನ್ನಗ ಅವನ ನೆರಳು ಸೈತ ಸಿಗ್ತಿರಲಿಲ್ಲ!"

"ಕುಣಿಯವರನ್ನ ಬರಾತಿಗಿ ಕರೀತಾರ್ರಿ. ಟೈಸನ್ ಒಂದು ಗುದ್ದು ಕೊಟ್ರ ಕುಣಿತ, ಬ್ಯಾಂಡ್ ಎರಡೂ ಬಂದ್!"

"ಎದುರಿನವನ ಕಿವಿ ಕಚ್ಚಿದವ ಅಂವ! ಅದು ಬಾಕ್ಸಿಂಗ್ ಏನು? ಊಟ!"

ಹೀಗೆ ಮಧ್ಯಾಹ್ನದ ಚಾಕ್ಕೆ ಶುರುವಾದರೆ ಸಂಜೆಯ ಚಾ ತನಕ. ಅಲಿ ಒಂದು ಗುದ್ದು ಕೊಟ್ಟ ಕೂಡಲೇ ಇತ್ತ ಖಾಸಿಂ ಅಲಿಯ ಕೈಯಾಗಿನ ಸೂಜಿ ನಿಲ್ಲುತ್ತಿತ್ತು. ಟೈಸನ್ ತಿರುಗಿ ಗುದ್ದಿದರೆ ಮಾಧವರಾಯರ ಕತ್ತರಿ ನಿಲ್ಲುತ್ತಿತ್ತು. ಇಬ್ಬರೂ ಜೀವಮಾನದಾಗ ಯಾರಿಗೂ ಒಂದು ಏಟು ಹೊಡೆದವರಲ್ಲ. ಹೊಡೆದದ್ದೆಲ್ಲ ಬರೀ ಗಪ್ಪಾ.

ಇದೆಲ್ಲ ಬಿಡ್ರಿ, ಬಜಾರಿನ ಮಾತು. ಆದರೆ ಖಾಸಿಂ ಅಲಿಯ ಕೈಯಾಗ ನಿಂತ ಸೂಜಿ ಹೊಲಿಯಬೇಕಾಗಿದ್ದದ್ದು ಮಾಧವರಾಯರ ಮಗಳು ಸಾನಿಕಾಳ ಮದುವೆಯ ಗಾದಿ! ಮದುವೆ ಹೊಸ್ತಿಲ ಮೇಲೆ ಬಂದು ನಿಂತಿತ್ತು. ಗಾದಿ ಇನ್ನೂ ಅರಳೆಯಾಗಿತ್ತು. ಮಾಧವರಾಯರ ಹೆಂಡತಿ ಮಂದಾಕಿನಿಬಾಯಿ ಒಂದು ದಿನ ಅಂಗಡಿಗೇ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಅಲಿ ಸ್ವರ್ಗ ಸೇರ್ಯಾನ. ಟೈಸನ್ ಮುದುಕ ಆಗ್ಯಾನ. ನನ್ನ ಮಗಳ ಗಾದಿ ಮಾತ್ರ ಇನ್ನಾ ಹುಟ್ಟೇ ಇಲ್ಲ! ಬೀಗತಿ ಯಾರಂತ ಗೊತ್ತದ ಇಲ್ಲೋ ನಿಮಗ?"

ಗೊತ್ತಿತ್ತು. ಔರಾದದ ಅನಸೂಯಾಬಾಯಿ ಯಾರಿಗೆ ಗೊತ್ತಿಲ್ಲ? ಹುಡುಗ ಅಜಿಂಕ್ಯ ಬಂಗಾರದಂಥವ, ಮಾತಿಗೊಮ್ಮೆ ನಗುವವ. ಅವನ ಪಾಲಿನ ಮಾತನ್ನೂ ತಾಯಿಯೇ ಆಡಿ ಮುಗಿಸಿದ್ದರು. ಹಿರಿಯ ಮಗನ ಮದುವೆಯಲ್ಲಿ ಹೆಣ್ಣಿನವರ ರುಖವತ ನೋಡಿ, ಲಾಡು ಒಂದನ್ನು ಬೆರಳಿನಿಂದ ಟಕಟಕ ಬಡಿದು, "ಇದನ್ನ ತಿನ್ನಲಾಕ ಕೊಟ್ಟಾರೋ, ಗೋಡಿ ಕಟ್ಟಲಾಕ ಕೊಟ್ಟಾರೋ?" ಎಂದಿದ್ದರಂತೆ. ಆ ಸೊಸೆಗೆ ಮಕ್ಕಳು ಸಾಲಿಗೆ ಹೋಗುವಂಥವರಾದರು; ಲಾಡುವಿನ ಮಾತು ಮಾತ್ರ ಔರಾದದಾಗ ಇನ್ನೂ ಹಸಿಯಾಗಿಯೇ ಇತ್ತು.

ನಮ್ಮ ಗಡಿ ಸೀಮೆಯ ಮದುವೆಯೊಳಗ ಈ ರುಖವತ ಅಂದರೆ ಹೆಣ್ಣಿನವರ ಮಾನದ ಪ್ರದರ್ಶನ. ಹುಡುಗಿಗೆ ಕೊಡುವ ಪಾತ್ರೆ, ಹಾಸಿಗೆ, ಕೈಯಿಂದ ಹೆಣೆದದ್ದು, ಕರಿದದ್ದು, ಎಲ್ಲವನ್ನೂ ಮಂಟಪದ ಒಂದು ಬದಿಗೆ ಹೂವು ಹಚ್ಚಿ ಸಿಂಗರಿಸಿ ಇಡಬೇಕು. ಗಂಡಿನವರು ಬಂದು ನೋಡಬೇಕು, ಮೂಗು ಮುರಿಯಬೇಕು. ಒಮ್ಮೆ ಅರಿಷಿಣ ಕುಂಕುಮ ಏರಿತೋ, ಅಲ್ಲಿರುವ ಸೂಜಿಯೂ ಗಂಡಿನವರದು. ಹೆಣ್ಣಿನವರು ತಿರುಗಿ ಕೈ ಹಚ್ಚುವಂತಿಲ್ಲ.

"ರುಖವತದಾಗ ಒಂದು ಕುಂದು ಬಂತಂದ್ರ ಸಾನಿಕಾ ಬಾಳತನಕ ಕೇಳಬೇಕಾಗ್ತದ. ನಾಳಿಗಿ ಟೆಂಪೋ ತರ್ತೇನಿ, ಗಾದಿ ಇರಬೇಕು!" ಎಂದು ಮಂದಾಕಿನಿಬಾಯಿ ಹೊರಟುಹೋದರು.

ಆಗ ಹೊಮ್ಮಿದ್ದೇ ಮೇಲಿನ ಭೀಷಣ ಪ್ರತಿಜ್ಞೆ. ಬಾಯಿಮಾತಿನಿಂದ ತೀರದ್ದು ಮುಷ್ಟಿಯಿಂದ ತೀರಲಿ! ಒಂದು ಸಲ ಆಡಿ ಮುಗಿಸಿಬಿಟ್ಟರೆ ಖಾಸಿಂ ಅಲಿಯ ಬಾಯಿಯೂ ಬಂದ್, ಗಾದಿಯೂ ಪೂರಾ. ಮಾಧವರಾಯರ ಅಂಗಡಿಯಿಂದ ಕೆಂಪು ಸಾಟಿನ್ ತುಂಡು ಬಂತು, ಖಾಸಿಂ ಅಲಿಯ ಅಂಗಡಿಯಿಂದ ಅರಳೆ. ದಿನಗಟ್ಟಲೆ ಮುಂದೆ ಸರಿಯದ ಸೂಜಿ ಅವತ್ತು ಹೇಗೆ ಓಡಿತು ಅಂತೀರಿ! ಮೊದಲು ಗ್ಲೌಸು ಎರಡು ಜೋಡಿ. ಅದೇ ಹುರುಪಿನಲ್ಲಿ ಮಾರನೆಯ ದಿನ ಊಟದ ಹೊತ್ತಿಗೆ ಗಾದಿಯೂ ತಯಾರಾಗಿ, ಮದುವೆಯ ಸಾಮಾನೆಲ್ಲ ಇಟ್ಟಿದ್ದ ಮಾಧವರಾಯರ ಗೋದಾಮಿನ ನಡುವೆ ಹಾಸಿಕೊಂಡಿತು. ಅದೇ ಕಣ. ಸುತ್ತ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದರು.

"ನಾ ಅಲಿ!" ಎಂದು ಮಾಧವರಾಯರು ಧೋತರ ಎತ್ತಿ ಕಟ್ಟಿದರು.

"ನಾ ಟೈಸನ್!" ಎಂದು ಖಾಸಿಂ ಅಲಿ ಚಷ್ಮಾ ತೆಗೆದಿಟ್ಟ. ಚಷ್ಮಾ ತೆಗೆದ ಮೇಲೆ ಅಲಿ ಯಾವ ಕಡೆ ಇದ್ದಾನೆ ಎನ್ನುವುದೇ ಟೈಸನ್‌ಗೆ ಕಾಣದಾಯಿತು!

ಅಲಿ ಗಾದಿಯ ಸುತ್ತ ಕುಣಿದ. ಕುಣಿದದ್ದು ಒಂದೂವರೆ ಸುತ್ತು. ದಮ್ಮು ಬಂದು ನಿಂತ. ಟೈಸನ್ ಗಾಳಿಗೆ ಗುದ್ದಿದ, ಕಂಬಕ್ಕೆ ಗುದ್ದಿದ, ಕಡೆಗೆ ತೂಗುಬಿಟ್ಟ ಪಂಚೆಗೂ ಗುದ್ದಿದ.

"ಎಲ್ಲಿ ಅದೀರಿ ಸೇಠ್? ಜರಾ ಆವಾಜ್ ಕೊಡ್ರಿ!"

"ಆವಾಜ್ ಕೊಟ್ಟು ಹೊಡಿಸಿಕೊಳ್ಳಲಾಕ ನಾ ಹುಚ್ಚೇನು? ತಡಿ, ಈಗ ಅಲಿಯ ಅಸಲಿ ಡಾವ್ ತೋರಿಸ್ತೇನಿ. ಹಗ್ಗಕ್ಕ ಆನಿಕೊಂಡು ಎದುರಿನವನನ್ನ ದಣಿಸೂದು!"

ಅಲಿ ಆನಿಕೊಂಡ ಹಗ್ಗ ಅಲಿಯನ್ನು ತಾಳಲು ಹುಟ್ಟಿದ್ದಲ್ಲ. ಫಟ್ಟನೆ ಹರಿಯಿತು! ಮಾಧವರಾಯರು ಆಸರೆಗೆಂದು ಟೈಸನ್‌ನ ಕೊರಳು ಹಿಡಿದರು. ಇಬ್ಬರು ವೀರರೂ ಕೂಡಿಯೇ ಗಾದಿಯ ಮೇಲೆ ಧೊಪ್ಪನೆ ಬಿದ್ದರು. ಗಾದಿ ಹೊಸದು, ಮೆತ್ತಗಿತ್ತು. ಹೊಟ್ಟೆಯಾಗ ಊಟ ಇತ್ತು. ಏಳಬೇಕು ಅಂದುಕೊಂಡರು, ಖರೇ. ಅಷ್ಟರೊಳಗೇ ಗೊರಕೆ ಎರಡೂ ಕಡೆಯಿಂದ ಸಮಸಮವಾಗಿ ಎದ್ದಿತು!

ಎಚ್ಚರವಾದದ್ದು ಟೆಂಪೋದ ಹಾರ್ನಿಗೆ. ಅದರ ಹಿಂದೆಯೇ ಮಂದಾಕಿನಿಬಾಯಿಯ ದನಿ: "ಏನ್ರೀ! ಸಾಮಾನು ಹೊರಗ ತರ್ರಿ!"

ಹೆಂಡತಿಯ ಕಣ್ಣಿಗೆ ಗ್ಲೌಸು ಬಿದ್ದರೆ ಕಥೆ ಮುಗಿಯಿತು! ಮಾಧವರಾಯರು ನಾಲ್ಕೂ ಗ್ಲೌಸನ್ನು ಬಾಚಿ, ಕೈಗೆ ಮೊದಲು ಸಿಕ್ಕ ಹಿತ್ತಾಳೆ ಹಂಡೆಯೊಳಗೆ ತುರುಕಿ ಮುಚ್ಚಳ ಹಾಕಿದರು.

"ಆ ಹಂಡೇನೇ ಮೊದಲ ಇಡ್ರಿ ಧೊಂಡಿಬಾ. ರುಖವತದ್ದು ಅದು," ಎಂದರು ಮಂದಾಕಿನಿಬಾಯಿ.

ಡ್ರೈವರ್ ಧೊಂಡಿಬಾ ಹಂಡೆ ಎತ್ತಿಕೊಂಡೇ ಹೋದ. ಔರಾದಕ್ಕೆ ಮುಟ್ಟಿದ ಮೇಲೆ ಮೆಲ್ಲಗೆ ತೆಗೆದರಾಯಿತು ಎಂದು ಮಾಧವರಾಯರು ಮನಸ್ಸಿಗೆ ತಾವೇ ಸಮಾಧಾನ ಹೇಳಿಕೊಂಡರು. ವ್ಯಾಪಾರದಾಗ ಇಂಥ ಸಮಾಧಾನಕ್ಕೆ ನಾವು ಉದ್ರಿ ಅಂತೀವಿ.

ಔರಾದದ ಮಂಗಲ ಕಾರ್ಯಾಲಯದಲ್ಲಿ ಮರುದಿನ ಅವರಿಗೆ ಉಸಿರು ಬಿಡಲೂ ಪುರುಸೊತ್ತು ಸಿಗಲಿಲ್ಲ. ಬೀಗರನ್ನು ಎದುರುಗೊಂಡು, ಕಾಲು ತೊಳೆದು, ಟೋಪಿ ಟಾವೆಲ್ ಕೊಟ್ಟು ರುಖವತದ ಕಡೆ ಓಡಿ ಬರುವಷ್ಟರಲ್ಲಿ ಹೊತ್ತು ಮೀರಿಹೋಗಿತ್ತು.

ಬೀದರದಿಂದ ಬಂದ ನಾದಿನಿ ವರದಾ, ಮೊಬೈಲಿನಾಗ ನೋಡಿ ನೋಡಿ ಅಲಂಕಾರ ಕಲಿತವಳು, ಹಂಡೆ ಬಿಚ್ಚಿ ಎಲ್ಲವನ್ನೂ ಜೋಡಿಸಿಬಿಟ್ಟಿದ್ದಳು. ಈ ಕಡೆ ಕ್ರೋಶಾದ ಹಂಸ, ಆ ಕಡೆ ಚಕ್ಕುಲಿಯ ಗೋಪುರ. ನಟ್ಟನಡುವೆ, ಎತ್ತರದ ಪೀಠದ ಮೇಲೆ, ಚೆಂಡು ಹೂವಿನ ನಡುವೆ, ಲೈಟಿನ ಸರ ಸುತ್ತಿಸಿಕೊಂಡು ಎರಡು ಜೋಡಿ ಕೆಂಪು ಬಾಕ್ಸಿಂಗ್ ಗ್ಲೌಸು! ನಾಲ್ಕಕ್ಕೂ ಅರಿಷಿಣ ಕುಂಕುಮ!

"ವರದಾ! ಇದೇನಿದು?"

"ಸಾನಿಕಾ ಆನ್‌ಲೈನ್ ತರಿಸ್ಯಾಳ ಅಂತ ಮಾಡಿದ್ನಿರಿ ಭಾವಾ. ಹೊಸಾ ಫ್ಯಾಷನ್ ಇರಬೇಕು. ಎಷ್ಟು ಛಲೋ ಕಾಣ್ತಾವ ಅಲ್ರಿ?"

ಮಾಧವರಾಯರು ಅತ್ತಿತ್ತ ನೋಡಿದರು. ಯಾರೂ ಇಲ್ಲ. ಹೆಗಲ ಮೇಲಿನ ಉಪರಣಿ ಹರಡಿ ಒಂದು ಜೋಡಿಯನ್ನು ಅದರೊಳಗೆ ಎಳೆದುಕೊಂಡರೋ ಇಲ್ಲವೋ, ಬೆನ್ನ ಹಿಂದೆ ಗುಡುಗಿತು:

"ಬೀಗರ! ಹೆಣ್ಣಿನವರು ರುಖವತ ಇಡೂದು ನೋಡೀನಿ. ಕದಿಯೂದು ಇವತ್ತೇ ನೋಡ್ಲಕತ್ತೀನಿ!"

ಅನಸೂಯಾಬಾಯಿ! ಅವರ ಹಿಂದೆ ಗಂಡಿನವರ ಹೆಂಗಸರ ಪೂರಾ ಪಲ್ಟನ್.

"ಅಲ್ರಿ... ಇದು... ಅಲಿದುರಿ..." ಎಂದರು ಮಾಧವರಾಯರು.

ಅಕ್ಷತಾಕ್ಕೆ ಬಂದಿದ್ದ ಖಾಸಿಂ ಅಲಿ ಗೆಳೆಯನ ಮಾನ ಕಾಯಲೆಂದೇ ಮುಂದೆ ಬಂದ. ಆದರೆ ಚಟ ಬಿಡಬೇಕಲ್ಲ! "ಸೇಠ್, ನಿಮ್ಮ ಕೈಯಾಗಿಂದು ಟೈಸನ್ನಂದು. ಅಲಿದು ಅಲ್ಲಿ ಪೀಠದ ಮ್ಯಾಲ ಅದ," ಎಂದುಬಿಟ್ಟ.

"ಟೈಸನ್ನಂದು ಪೀಠದ ಮ್ಯಾಲ ಇಡೂ ಲಾಯಕ್ಕಿಂದೇ ಅಲ್ಲ!" ಎಂದು ಮಾಧವರಾಯರು ಸಿಡಿದರು.

"ಯಾಕ್ರಿ? ಗುದ್ದಿನಾಗ ಟೈಸನ್ನನೇ ಬಾದಶಹಾ!" ಎಂದ ಗಂಡಿನ ಸೋದರಮಾವ ಮಕರಂದ.

"ಯಾಂವ ಅಂದಂವ? ಅಲಿ ಮುಂದ ಟೈಸನ್ ಬಚ್ಚಾ! ಕಿವಿ ಕಚ್ಚಿದಂವ ಅಂವ!" ಎಂದ ಗಂಡಿನ ಕಾಕಾ.

ಮುಗಿಯಿತು! ಪೆಂಡಾಲು ನಡುವೆ ಸೀಳಿತು. ಆ ಕಡೆ ಕುರ್ಚಿ ಎಲ್ಲ ಅಲಿ, ಈ ಕಡೆ ಕುರ್ಚಿ ಎಲ್ಲ ಟೈಸನ್. ಬ್ಯಾಂಡಿನವರು ಯಾವ ಪಾರ್ಟಿಗೆ ಬಾರಿಸಬೇಕೋ ತಿಳಿಯದೆ ಕೈ ಬಿಟ್ಟರು. "ಮುಹೂರ್ತ ಮೀರ್ಲಕತ್ತದ್ರೀ!" ಎಂದು ಭಟ್ಟರು ಮೈಕಿನಲ್ಲಿ ಕೂಗಿದರು. ಹಣೆಗೆ ಮುತ್ತಿನ ಸರದ ಮುಂಡಾವಳಿ ಕಟ್ಟಿಕೊಂಡ ಅಜಿಂಕ್ಯ ಅಭ್ಯಾಸದಂತೆ ನಗುತ್ತ ನಿಂತಿದ್ದ. ಮಂದಾಕಿನಿಬಾಯಿಯ ಮುಖದಲ್ಲಿ ಮಾತ್ರ ನೀರಿಳಿಯಿತು. ಆಯಿತು, ಇನ್ನು ಔರಾದದವರು ಲಾಡು ಮರೆತರು, ಗ್ಲೌಸು ಹಿಡಿದರು!

"ಬಾಯಿ ಮುಚ್ರಿ ಎಲ್ಲಾರೂ!"

ಅನಸೂಯಾಬಾಯಿ ಅಂದದ್ದು ಒಂದೇ ಸಲ. ಅಲಿಯೂ ಕೂತ, ಟೈಸನ್ನನೂ ಕೂತ. ಅವರು ಗ್ಲೌಸನ್ನು ಕೈಗೆತ್ತಿಕೊಂಡು ಒತ್ತಿದರು, ಹೊಲಿಗೆ ನೋಡಿದರು, ಮಗುಚಿದರು.

"ಒಂದು ಜೋಡಿ ಸೊಸಿಗಿ. ತಿಳೀತು," ಎಂದರು. "ಎರಡನೇ ಜೋಡಿ ಯಾರಿಗಿ? ನನಗೇನು?"

ಬಾಸಿಂಗದ ಮರೆಯಿಂದ ಸಾನಿಕಾ ತಣ್ಣಗೆ ಅಂದಳು: "ಹೌದ್ರಿ ಅತ್ತಿ. ಒಬ್ಬರೇ ಆಡೂ ಆಟ ಅಲ್ಲಲ್ರಿ ಅದು."

ಅನಸೂಯಾಬಾಯಿ ನಕ್ಕರು ನೋಡ್ರಿ! ಮೂಗಿನ ನತ್ತು ಕುಣಿಯುವಂತೆ, ಕಣ್ಣಾಗ ನೀರು ಬರುವಂತೆ! "ಭೇಷ್! ಸೊಸಿ ಸಿಕ್ಕಳು! ದೊಡ್ಡಾಕಿ ಲಾಡುವಿನ ಮಾತಿಗಿ ಅತ್ತಬಿಟ್ಟಿದ್ಳು. ಇಷ್ಟು ವರ್ಷ ಎದರಾ ಒಬ್ಬರೂ ಇಲ್ಲದ ಬ್ಯಾಸರ ಬಂದಿತ್ತು ನನಗ!"

ಹಾಗೆ ಅಂದು ಎರಡೂ ಕೈಗೆ ಗ್ಲೌಸು ಏರಿಸಿದರು. "ನೀ ಇನ್ನಾ ಸಣ್ಣಾಕಿ, ನಿನಗ ಟೈಮ್ ಅದ. ಬೀಗತಿ, ನೀವು ಬರ್ರಿ. ನಿಮ್ಮ ಅತ್ತಿನ್ನ ನೀವು ಹ್ಯಾಂಗ ಹಣ್ಣು ಮಾಡಿದ್ರಿ ಅಂತ ಭಾಲ್ಕಿ ಎಲ್ಲಾ ಹೇಳ್ತದ. ನನ್ನ ಅತ್ತಿನೂ ನನ್ನ ಕೈಯಾಗೇ ಕಾಶಿಗಿ ಹೋದ್ರು!"

ಹೋದ ಜೀವ ಬಂದಂತಾದ ಮಂದಾಕಿನಿಬಾಯಿ ಸೆರಗು ಸಿಗಿಸಿ ಇನ್ನೊಂದು ಜೋಡಿ ಹಾಕಿಕೊಂಡರು. ಭಾಲ್ಕಿಯ ಮಾಜಿ ಚಾಂಪಿಯನ್ ಈ ಕಡೆ, ಔರಾದದ ಮಾಜಿ ಚಾಂಪಿಯನ್ ಆ ಕಡೆ! ಮಾಧವರಾಯರು ತಾವು ಹೆಣ್ಣಿನ ತಂದೆ ಎನ್ನುವುದನ್ನೇ ಮರೆತರು. ಕಣ್ಣು ಫಳಫಳ ಹೊಳೆದವು. ಓಡಿ ರೆಫ್ರಿಯಂತೆ ನಡುವೆ ನಿಂತರು.

"ಖಾಸಿಂ ಭಾಯ್, ಇವತ್ತು ಗೊತ್ತಾಗ್ತದ! ನನ್ನ ಪ್ರಕಾರ ಬೀಗತಿನೇ ಟೈಸನ್. ನಮ್ಮಾಕಿ ನಿಲ್ಲೂದಿಲ್ಲ!"

"ಏನಂದ್ರಿ?" ಎಂದರು ಮಂದಾಕಿನಿಬಾಯಿ.

"ಟೈಸನ್ ಅಂದ್ರ ಯಾರ್ರಿ? ಈಗ ಕಿವಿ ಕಚ್ಚಿದಂವ ಅಂತ ಯಾರೋ ಅಂದ್ರಲ್ಲ, ಅಂವನೇನು?" ಎಂದರು ಅನಸೂಯಾಬಾಯಿ.

ಬೀಗತಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆ ನೋಟದಲ್ಲೇ ಎರಡು ಮನೆತನ ಒಂದಾದವು. ಎಡಗಡೆಯಿಂದ ಒಂದು ಗುದ್ದು ಬಂತು, ಬಲಗಡೆಯಿಂದ ಒಂದು ಬಂತು. ಒಳಗಿದ್ದದ್ದು ಬರೀ ಅರಳೆ, ನಿಜ. ಆದರೆ ಹಿಂದಿದ್ದ ಕೈಗಳು ಅರಳೆಯವಲ್ಲವಲ್ಲ! ಮಾಧವರಾಯರು ಗಿರ್ರನೆ ತಿರುಗಿ ಚಕ್ಕುಲಿಯ ಗೋಪುರದ ಮೇಲೆ ಕೂತರು. ಬ್ಯಾಂಡು ಇದೇ ಸನ್ನೆ ಎಂದು ಬಾರಿಸಿತು. ಭಟ್ಟರು ಇದೇ ಮುಹೂರ್ತ ಎಂದು ಮಂತ್ರ ಎತ್ತಿದರು. ಅಕ್ಷತೆ ಬಿದ್ದೇ ಬಿಟ್ಟಿತು.

ಊಟದ ಪಂಕ್ತಿಯಲ್ಲಿ ಖಾಸಿಂ ಅಲಿ ಮೆಲ್ಲಗೆ ಪಕ್ಕಕ್ಕೆ ಬಾಗಿ ಕೇಳಿದ: "ಹೇಳ್ರಿ ಸೇಠ್, ಚಾಂಪಿಯನ್ನರು ಇಬ್ಬರೂ ಎದುರಾಬದುರಾ ನಿಂತ್ರ ಯಾರು ಗೆಲ್ತಾರ?"

ಮಾಧವರಾಯರು ಎರಡೂ ಕೆನ್ನೆ ಸವರಿಕೊಂಡರು.

"ಅವರು ತಮ್ಮತಮ್ಮೊಳಗ ಆಡಂಗೇ ಇಲ್ಲೋ ಖಾಸಿಂ ಭಾಯ್. ಇಬ್ಬರೂ ಕೂಡಿ ರೆಫ್ರಿನ್ನ ಹೊಡೀತಾರ!"